ಗರ್ಭನಿರೋಧ ಮತ್ತು ಕಥೋಲಿಕ ಭಿನ್ನಮತ

ಕೃತಕ ವಿಧಾನಗಳಿಂದ ಗರ್ಭ ತಡೆಯುವುದು ಪಾಪ ಎಂಬುದು ಕಥೋಲಿಕ ಧರ್ಮಸಭೆಯ ಬೋಧನೆ. ಧರ್ಮಸಭೆಯನ್ನು ಬಿಡದೆ, ಅದರೊಳಗೇ ನಿಂತು, ಈ ಬೋಧನೆಯನ್ನು ಒಪ್ಪುವುದಿಲ್ಲವೆಂದು ಬಹಿರಂಗವಾಗಿ ಹೇಳಿದವರ ಸಾಲು ಉದ್ದವಾಗಿದೆ. ಅದರಲ್ಲಿ ವೈದ್ಯರಿದ್ದಾರೆ, ಪಾದ್ರಿಗಳಿದ್ದಾರೆ, ಧರ್ಮಾಧ್ಯಕ್ಷರೂ ನ್ಯಾಯಾಧೀಶರೂ ಮಂತ್ರಿಗಳೂ ಇದ್ದಾರೆ. ಇವರೆಲ್ಲರ ತಕರಾರು ಒಂದೇ ಬಗೆಯದಲ್ಲ. ಕೆಲವರು ಬೋಧನೆಯೇ ತಪ್ಪು ಎಂದರು. ಇನ್ನು ಕೆಲವರು ಬೋಧನೆಯ ಸರಿತಪ್ಪಿನ ಗೊಡವೆಗೆ ಹೋಗದೆ, ಅದನ್ನು ದೇಶದ ಕಾನೂನಾಗಿಸಿ ಎಲ್ಲರ ಮೇಲೂ ಹೇರಬಾರದು ಎಂದಷ್ಟೇ ವಾದಿಸಿದರು. ಈ ಎರಡನ್ನೂ ಬೇರೆಯಾಗಿ ನೋಡದಿದ್ದರೆ ಇತಿಹಾಸ ಕಲಸಿಹೋಗುತ್ತದೆ.

ಹಿನ್ನೆಲೆ

20ನೆಯ ಶತಮಾನದ ಆರಂಭದವರೆಗೆ ಕ್ರೈಸ್ತ ಪಂಗಡಗಳೆಲ್ಲ ಸಾಮಾನ್ಯವಾಗಿ ಗರ್ಭನಿರೋಧಕ್ಕೆ ವಿರುದ್ಧವಾಗಿದ್ದವು. 1930ರ ಆಗಸ್ಟಿನಲ್ಲಿ ಆಂಗ್ಲಿಕನ್ ಬಿಷಪ್ಪರ ಲ್ಯಾಂಬೆತ್ ಸಮ್ಮೇಳನ ಕೆಲವು ಸಂದರ್ಭಗಳಲ್ಲಿ ಅದಕ್ಕೆ ಅವಕಾಶ ಕೊಟ್ಟಿತು. ಅದೇ ವರ್ಷ ಡಿಸೆಂಬರ್ 31ರಂದು ಪೋಪ್ 11ನೆಯ ಪಿಯುಸ್ ‘ಕಾಸ್ತಿ ಕೊನ್ನೂಬಿ’ ಎಂಬ ಪರಿಪತ್ರ ಹೊರಡಿಸಿ, ದಾಂಪತ್ಯದಲ್ಲಿ ಗರ್ಭ ತಡೆಯುವ ಯಾವುದೇ ಕೃತ್ಯವೂ ಘೋರ ಪಾಪವೆಂದು ಸಾರಿದರು. ಮೈಸೂರು ಸಂಸ್ಥಾನದ ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ಕುಗಳನ್ನು ತೆರೆಯಲು ಆದೇಶಿಸಿದ್ದೂ 1930ರಲ್ಲಿಯೇ.

ಹೆಣ್ಣಿನ ಋತುಚಕ್ರದಲ್ಲಿ ಗರ್ಭ ನಿಲ್ಲುವ ದಿನಗಳು ಯಾವುವೆಂದು ಜಪಾನಿನ ಒಗಿನೊ ಮತ್ತು ಆಸ್ಟ್ರಿಯಾದ ಕ್ನೌಸ್ ಎಂಬ ವೈದ್ಯರು 1920ರ ದಶಕದಲ್ಲಿ ಕಂಡುಕೊಂಡಿದ್ದರು. ಆ ದಿನಗಳಲ್ಲಿ ದೂರವಿರುವ ‘ಸುರಕ್ಷಿತ ದಿನ’ಗಳ ಪದ್ಧತಿಗೆ ಪೋಪ್ 12ನೆಯ ಪಿಯುಸ್ 1951ರಲ್ಲಿ ಇಟಲಿಯ ಸೂಲಗಿತ್ತಿಯರ ಮುಂದೆ ಮಾತಾಡುತ್ತ ಒಪ್ಪಿಗೆ ಕೊಟ್ಟರು. ಇದೇ ಪದ್ಧತಿಯನ್ನು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ 1952ರ ಹೊತ್ತಿಗೆ ದೆಹಲಿಯ ಲೋಧಿ ಕಾಲೊನಿಯಲ್ಲೂ ನಮ್ಮ ರಾಮನಗರದಲ್ಲೂ ಪ್ರಯೋಗಿಸಿ ನೋಡಲಾಯಿತು. ದಿನ ಎಣಿಸಲು ಹೆಂಗಸರಿಗೆ ಬಣ್ಣದ ಮಣಿಗಳ ಸರ ಕೊಟ್ಟರು. ಫಲಿತಾಂಶ ನಿರಾಶಾದಾಯಕವಾಗಿತ್ತು. ಧರ್ಮಸಭೆಯ ವಾದಕ್ಕೆ 1951ರ ಒಪ್ಪಿಗೆಯಿಂದ ದೊಡ್ಡ ತೊಡಕೇ ಎದುರಾಯಿತು. ಮಗು ಈಗ ಬೇಡವೆಂದು ದಂಪತಿ ನಿರ್ಧರಿಸುವುದು ತಪ್ಪಲ್ಲ ಎಂದಾದ ಮೇಲೆ ಉಳಿದದ್ದು ವಿಧಾನದ ಪ್ರಶ್ನೆ ಮಾತ್ರ. ಮುಂದೆ ಬಂದ ಭಿನ್ನಮತವೆಲ್ಲ ಈ ಬಿರುಕಿನಿಂದಲೇ ಒಳಹೊಕ್ಕಿತು.

ಜಾನ್ ರಾಕ್

ಇವರಲ್ಲಿ ಮೊದಲು ಹೆಸರಿಸಬೇಕಾದವರು ಅಮೆರಿಕದ ಸ್ತ್ರೀರೋಗತಜ್ಞ ಜಾನ್ ರಾಕ್ (1890–1984). ಮ್ಯಾಸಚೂಸೆಟ್ಸಿನ ಐರಿಶ್ ಕಥೋಲಿಕ ಮನೆತನದಲ್ಲಿ ಹುಟ್ಟಿ, ಹಾರ್ವರ್ಡ್‌ನಲ್ಲಿ ಕಲಿಸಿ, ಪ್ರತಿದಿನ ಬಲಿಪೂಜೆಗೆ ಹೋಗುತ್ತಿದ್ದವರು. ಸಂತಾನ ನಿಯಂತ್ರಣದ ಮೇಲೆ ತಮ್ಮ ರಾಜ್ಯದಲ್ಲಿದ್ದ ನಿಷೇಧ ತೆಗೆಯಬೇಕೆಂದು 1931ರಲ್ಲಿ ಬಾಸ್ಟನ್ನಿನ ಕೆಲವು ವೈದ್ಯರು ಸಲ್ಲಿಸಿದ ಮನವಿಗೆ ಸಹಿ ಹಾಕಿದ ಒಬ್ಬನೇ ಕಥೋಲಿಕ ಅವರು. 1936ರಲ್ಲಿ ತಮ್ಮ ಆಸ್ಪತ್ರೆಯಲ್ಲಿ ಸುರಕ್ಷಿತ ದಿನಗಳ ಪದ್ಧತಿ ಕಲಿಸುವ ಕ್ಲಿನಿಕ್ ತೆರೆದವರೂ ಅವರೇ. ಆ ಪದ್ಧತಿ ಎಷ್ಟು ಹೆಂಗಸರಿಗೆ ಕೈಕೊಡುತ್ತದೆಂಬುದನ್ನು ಅಲ್ಲಿ ಕಣ್ಣಾರೆ ಕಂಡರು.

1950ರ ದಶಕದಲ್ಲಿ ರಾಕ್ ಜೀವವಿಜ್ಞಾನಿ ಗ್ರೆಗರಿ ಪಿಂಕಸ್ ಜೊತೆ ಸೇರಿ ಗರ್ಭನಿರೋಧಕ ಮಾತ್ರೆಯ ಪರೀಕ್ಷೆಗಳನ್ನು ನಡೆಸಿದರು. ‘ಇನೋವಿಡ್’ ಎಂಬ ಆ ಮಾತ್ರೆಗೆ ಅಮೆರಿಕದ ಸರ್ಕಾರ 1957ರಲ್ಲಿ ಮುಟ್ಟಿನ ತೊಂದರೆಗಳ ಔಷಧಿಯಾಗಿಯೂ 1960ರಲ್ಲಿ ಗರ್ಭನಿರೋಧಕವಾಗಿಯೂ ಅನುಮತಿ ಕೊಟ್ಟಿತು. ಮಾತ್ರೆ ಧರ್ಮಸಭೆಯ ನಿಸರ್ಗ ನಿಯಮಕ್ಕೆ ವಿರುದ್ಧವಲ್ಲ ಎಂಬುದು ರಾಕ್ ಅವರ ದೃಢ ನಂಬಿಕೆ. ಹೊಸ ಅಂಡ ಬಿಡುಗಡೆಯಾಗದಂತೆ ಹೆಣ್ಣಿನ ದೇಹವೇ ಪ್ರೊಜೆಸ್ಟೆರಾನ್ ಎಂಬ ಹಾರ್ಮೋನನ್ನು ಸ್ರವಿಸುತ್ತದೆ. ಮಾತ್ರೆ ಅದನ್ನೇ ಅನುಸರಿಸಿ ಸುರಕ್ಷಿತ ದಿನಗಳನ್ನು ಉದ್ದವಾಗಿಸುತ್ತದೆ, ಅಷ್ಟೇ; ಅಡ್ಡಗೋಡೆ ಕಟ್ಟುವುದಿಲ್ಲ, ಏನನ್ನೂ ಕೊಲ್ಲುವುದಿಲ್ಲ. ‘ದ ಟೈಮ್ ಹ್ಯಾಸ್ ಕಮ್’ (1963) ಎಂಬ ಪುಸ್ತಕದಲ್ಲಿ ಈ ವಾದವನ್ನು ಅವರು ಜನರ ಮುಂದಿಟ್ಟಾಗ ವಯಸ್ಸು 70 ದಾಟಿತ್ತು. ದೇಶದ ಕಥೋಲಿಕ ಮನೆಗಳಲ್ಲೆಲ್ಲ ಚರ್ಚೆ ಹಬ್ಬಿತು. ಧರ್ಮಸಭೆ ಮಾತ್ರೆಯನ್ನು ತಿರಸ್ಕರಿಸಿದ ಮೇಲೆ ರಾಕ್ ಪೂಜೆಗೆ ಹೋಗುವುದನ್ನೇ ನಿಲ್ಲಿಸಿದರು.

ರಾಕ್ ಅವರನ್ನು ಗೌರವಿಸುವವರೂ ಮರೆಯಬಾರದ ಸಂಗತಿ ಒಂದಿದೆ. ಮಾತ್ರೆಯ ದೊಡ್ಡ ಪರೀಕ್ಷೆ 1956ರಿಂದ ಪೋರ್ಟೊ ರಿಕೋದ ಬಡ ಹೆಂಗಸರ ಮೇಲೆ ನಡೆಯಿತು. ಇದು ಪ್ರಯೋಗವೆಂದು ಅವರಿಗೆ ಸರಿಯಾಗಿ ತಿಳಿಸಿರಲಿಲ್ಲ. ಇಂದಿನ ಮಾತ್ರೆಗಳಿಗಿಂತ ಎಷ್ಟೋ ಪಾಲು ಹೆಚ್ಚು ಹಾರ್ಮೋನು ಅದರಲ್ಲಿತ್ತು. ವಾಕರಿಕೆ, ತಲೆಸುತ್ತು ಎಂದು ಹೇಳಿಕೊಂಡವರ ಮಾತಿಗೆ ಬೆಲೆ ಸಿಗಲಿಲ್ಲ. ಆ ಹೆಂಗಸರಲ್ಲಿ ಬಹುತೇಕರು ಕಥೋಲಿಕರೇ.

ಪೋಪರ ಆಯೋಗ

ಗರ್ಭನಿರೋಧದ ಪ್ರಶ್ನೆಯನ್ನು ಪರಿಶೀಲಿಸಲು ಪೋಪ್ 23ನೆಯ ಜಾನ್ 1963ರಲ್ಲಿ ಆರು ಜನರ ಅಧ್ಯಯನ ಆಯೋಗವೊಂದನ್ನು ನೇಮಿಸಿದರು. ಅವರ ಬಳಿಕ ಬಂದ 6ನೆಯ ಪೌಲ್ ಅದನ್ನು ಹಿಗ್ಗಿಸುತ್ತ ಹೋದರು. ಕೊನೆಗೆ ಸದಸ್ಯರ ಸಂಖ್ಯೆ 70 ದಾಟಿತು. ಎರಡನೆಯ ವ್ಯಾಟಿಕನ್ ಮಹಾಸಭೆಯಲ್ಲಿ 1964ರ ಅಕ್ಟೋಬರಿನಲ್ಲಿ ಬೆಲ್ಜಿಯಮ್ಮಿನ ಕಾರ್ಡಿನಲ್ ಸುನೆನ್ಸ್ ಎದ್ದು ನಿಂತು, ಗೆಲಿಲಿಯೋ ಪ್ರಕರಣ ಒಂದೇ ಸಾಕು, ಇನ್ನೊಂದು ಬೇಡ ಎಂದು ಬೇಡಿಕೊಂಡರು. ಪೋಪರಾದರೋ ಈ ವಿಷಯವನ್ನು ಮಹಾಸಭೆಯ ಕೈಯಿಂದ ತೆಗೆದು ಆಯೋಗಕ್ಕೇ ಬಿಟ್ಟರು. ಆಯೋಗದ ಧರ್ಮಾಧ್ಯಕ್ಷರಲ್ಲಿ ಬೊಂಬಾಯಿಯ ಕಾರ್ಡಿನಲ್ ವಲೇರಿಯನ್ ಗ್ರೇಶಿಯಸ್ ಅವರೂ ಇದ್ದರು.

ಇಡೀ ಇತಿಹಾಸದಲ್ಲಿ ನಿಂತು ನೋಡಬೇಕಾದ ಘಟ್ಟ ಇದು. ಮದುವೆಯಾದವರನ್ನು ಆಯೋಗಕ್ಕೆ ಕರೆಯಲಾಗಿತ್ತು. ಷಿಕಾಗೊದ ಪ್ಯಾಟ್ರಿಕ್ ಮತ್ತು ಪ್ಯಾಟಿ ಕ್ರೌಲಿ ದಂಪತಿ ‘ಕ್ರಿಶ್ಚಿಯನ್ ಫ್ಯಾಮಿಲಿ ಮೂವ್‌ಮೆಂಟ್’ ಎಂಬ ಗೃಹಸ್ಥರ ಸಂಘಟನೆಯ ಮುಂದಾಳುಗಳು, ಧರ್ಮಸಭೆಗೆ ನಿಷ್ಠರು. ಅವರು ಹಲವು ದೇಶಗಳ ಕಥೋಲಿಕ ದಂಪತಿಗಳಿಂದ ಪತ್ರ ಬರೆಸಿಕೊಂಡು ರೋಮಿಗೆ ಒಯ್ದರು. ಪೂಜೆ, ಪ್ರಾರ್ಥನೆ ತಪ್ಪಿಸದ ಕುಟುಂಬಗಳು ದಿನ ಎಣಿಸುವ ಪದ್ಧತಿ ತಮ್ಮ ದಾಂಪತ್ಯದಲ್ಲಿ ಎಂಥ ಭಯ, ಎಂಥ ಸಿಡುಕು ತಂದಿದೆ ಎಂದು ಅವುಗಳಲ್ಲಿ ಬರೆದಿದ್ದವು. ಶತಮಾನಗಳ ಕಾಲ ಬ್ರಹ್ಮಚಾರಿ ಗಂಡಸರೇ ಚರ್ಚಿಸಿದ್ದ ವಿಷಯವನ್ನು ಅನುಭವಿಸಿದವರ ಬಾಯಿಂದ ಧರ್ಮಸಭೆ ಕೇಳಿಸಿಕೊಂಡದ್ದು ಆಗಲೇ. ಬೋಧನೆ ಬದಲಾದರೆ ಈವರೆಗೆ ಇದೇ ಪಾಪಕ್ಕಾಗಿ ನರಕಕ್ಕೆ ಹೋದವರ ಗತಿಯೇನು ಎಂದು ಸ್ಪೇನಿನ ಜೆಸ್ವಿಟ್ ದೈವಶಾಸ್ತ್ರಜ್ಞ ಸಾಲ್ಬಾ ಕೇಳಿದರಂತೆ. ನೀವು ಕೊಟ್ಟ ಅಪ್ಪಣೆಯನ್ನೆಲ್ಲ ದೇವರು ಪಾಲಿಸಿದ್ದಾನೆಂದು ನಿಜವಾಗಿ ನಂಬುತ್ತೀರಾ, ಫಾದರ್ ಎಂದು ಪ್ಯಾಟಿ ಕ್ರೌಲಿ ಮರುಪ್ರಶ್ನೆ ಹಾಕಿದರು ಎಂಬುದು ಆಯೋಗದ ಬಗೆಗೆ ಬರೆದವರೆಲ್ಲ ನೆನೆಯುವ ಪ್ರಸಂಗ.

ಗರ್ಭನಿರೋಧ ಸ್ವಭಾವತಃ ಕೆಟ್ಟದ್ದೇ ಎಂಬ ಪ್ರಶ್ನೆಗೆ 1966ರಲ್ಲಿ ಆಯೋಗದ ದೈವಶಾಸ್ತ್ರಜ್ಞರಲ್ಲಿ 15 ಜನ ಅಲ್ಲ ಎಂದರು, 4 ಜನ ಹೌದು ಎಂದರು. ಧರ್ಮಾಧ್ಯಕ್ಷರಲ್ಲಿ 9 ಜನ ಅಲ್ಲ, 3 ಜನ ಹೌದು, 3 ಜನ ತಟಸ್ಥ. ಕ್ರಾಕೊವಿನ ಮಹಾಧರ್ಮಾಧ್ಯಕ್ಷ, ಮುಂದೆ 2ನೆಯ ಜಾನ್ ಪೌಲ್ ಎಂಬ ಪೋಪ್ ಆದ ವೊಯ್ತಿವಾ, ಸದಸ್ಯರಾಗಿದ್ದರೂ ಕೊನೆಯ ಅಧಿವೇಶನಕ್ಕೆ ಬಂದಿರಲಿಲ್ಲ. ಅಲ್ಪಸಂಖ್ಯಾತರು ಬರೆದುಕೊಟ್ಟ ಟಿಪ್ಪಣಿಯ ಮುಖ್ಯ ಆತಂಕ ಇಂಥದು: ಈಗ ಬದಲಿಸಿದರೆ 1930ರಲ್ಲಿ ಪವಿತ್ರಾತ್ಮರು ಪ್ರೊಟೆಸ್ಟಂಟರ ಜೊತೆಗಿದ್ದರೆಂದು ಒಪ್ಪಿದ ಹಾಗಾಗುತ್ತದೆ. ಮಲಗುವ ಕೋಣೆಯಿಂದ ಹೊರಟ ಪ್ರಶ್ನೆ ಹೀಗೆ ಅಧಿಕಾರದ ಪ್ರಶ್ನೆಯಾಗಿ ಬದಲಾಯಿತು. 1967ರ ಏಪ್ರಿಲಿನಲ್ಲಿ ವರದಿ ಸೋರಿ ಪತ್ರಿಕೆಗಳಲ್ಲಿ ಬಂತು. ಬದಲಾವಣೆ ಬಂದೇ ಬಿಟ್ಟಿತೆಂದು ಲಕ್ಷಾಂತರ ಜನ ನಂಬಿದರು.

‘ಹ್ಯುಮಾನೆ ವೀಟೆ’ ಮತ್ತು ಆನಂತರ

1968ರ ಜುಲೈ 29ರಂದು ಪ್ರಕಟವಾದ ‘ಹ್ಯುಮಾನೆ ವೀಟೆ’ ಪರಿಪತ್ರದಲ್ಲಿ 6ನೆಯ ಪೌಲ್ ಆಯೋಗದ ಬಹುಮತವನ್ನು ಬದಿಗಿಟ್ಟು ಹಳೆಯ ಬೋಧನೆಯನ್ನೇ ಎತ್ತಿಹಿಡಿದರು. ಮರುದಿನವೇ ವಾಷಿಂಗ್ಟನ್ನಿನಲ್ಲಿ ಅಮೆರಿಕದ ಕಥೋಲಿಕ ವಿಶ್ವವಿದ್ಯಾಲಯದ ನೀತಿಶಾಸ್ತ್ರ ಅಧ್ಯಾಪಕ, ಪಾದ್ರಿ ಚಾರ್ಲ್ಸ್ ಕರನ್ ಮುಂದಾಳಾಗಿ 87 ದೈವಶಾಸ್ತ್ರಜ್ಞರ ಹೇಳಿಕೆ ಹೊರಬಿತ್ತು. ಸಹಿಗಳು ಬೆಳೆಯುತ್ತ 600 ದಾಟಿದವು. ಇದು ಪೋಪರ ಅಚ್ಯುತ (ತಪ್ಪಾಗಲಾರದ) ಘೋಷಣೆಯಲ್ಲ, ಆದ್ದರಿಂದ ದಂಪತಿಗಳು ತಮ್ಮ ಮನಸ್ಸಾಕ್ಷಿಯಂತೆ ನಿರ್ಧರಿಸಬಹುದು ಎಂಬುದು ಅವರ ನಿಲುವು. ವಾಷಿಂಗ್ಟನ್ನಿನ ಕಾರ್ಡಿನಲ್ ಒಬೊಯ್ಲ್ ತಮ್ಮ ಅಧೀನದ ಸುಮಾರು 40 ಪಾದ್ರಿಗಳ ಮೇಲೆ ಶಿಸ್ತುಕ್ರಮ ಕೈಗೊಂಡರು. ಮಿನೆಸೋಟದ ಸಹಾಯಕ ಧರ್ಮಾಧ್ಯಕ್ಷ ಜೇಮ್ಸ್ ಶ್ಯಾನನ್ ಈ ಬೋಧನೆಯನ್ನು ಮನಃಪೂರ್ವಕ ಕಲಿಸಲಾರೆನೆಂದು ಪೋಪರಿಗೇ ಪತ್ರ ಬರೆದು, ಕೊನೆಗೆ ಪದವಿ ಬಿಟ್ಟರು.

ಧರ್ಮಾಧ್ಯಕ್ಷರ ಮಂಡಲಿಗಳೂ ಒಂದೇ ದನಿಯಲ್ಲಿ ಮಾತಾಡಲಿಲ್ಲ. ಜರ್ಮನಿಯವರು ಕೋನಿಗ್‌ಸ್ಟೈನಿನಲ್ಲಿ, ಕೆನಡಾದವರು ವಿನಿಪೆಗ್ಗಿನಲ್ಲಿ ಹೊರಡಿಸಿದ ಹೇಳಿಕೆಗಳು ಪೋಪರನ್ನು ನೇರವಾಗಿ ಎದುರಿಸದೆ ಮನಸ್ಸಾಕ್ಷಿಗೆ ಜಾಗ ಬಿಟ್ಟವು. ಸ್ವಿಟ್ಜರ್ಲೆಂಡಿನ ಹಾನ್ಸ್ ಕ್ಯೂಂಗ್ ಇನ್ನೂ ಮುಂದೆ ಹೋಗಿ, ಪೋಪರ ಅಚ್ಯುತತೆಯ ತತ್ತ್ವವನ್ನೇ 1970ರ ಪುಸ್ತಕದಲ್ಲಿ ಪ್ರಶ್ನಿಸಿದರು. 1979ರಲ್ಲಿ ಕಥೋಲಿಕ ದೈವಶಾಸ್ತ್ರ ಕಲಿಸುವ ಅಧಿಕಾರ ಕಳೆದುಕೊಂಡರು. ಕರನ್ ಅವರಿಗೆ ಅದೇ ಗತಿ ಬಂದದ್ದು 1986ರಲ್ಲಿ, ವ್ಯಾಟಿಕನ್ನಿನ ಕಾರ್ಡಿನಲ್ ರಾಟ್ಸಿಂಗರ್ ಅವರ ಕಚೇರಿಯಿಂದ. ಅಷ್ಟಾದರೂ ಅವರ ಪಾದ್ರಿತನ ಹೋಗಲಿಲ್ಲ. ಕಲಿಸುವವರ ಬಾಯಿ ಕಟ್ಟಿದ ಧರ್ಮಸಭೆ, ಮನೆಯಲ್ಲಿ ಮಾತ್ರೆ ನುಂಗಿ ಭಾನುವಾರ ಪರಮಪ್ರಸಾದ ಸ್ವೀಕರಿಸುವ ಗೃಹಸ್ಥರ ತಂಟೆಗೆ ಹೆಚ್ಚು ಹೋಗಲಿಲ್ಲ. ಇದನ್ನು ಕೆಲವರು ಕರುಣೆ ಎನ್ನುತ್ತಾರೆ. ಪತ್ರ ಬರೆದ ದಂಪತಿಗಳಿಗೆ ಕೊಡಬೇಕಾಗಿದ್ದ ಉತ್ತರ ಮಾತ್ರ ಇದಲ್ಲ. 6ನೆಯ ಪೌಲ್ ‘ಹ್ಯುಮಾನೆ ವೀಟೆ’ಯ ಬಳಿಕ ಹತ್ತು ವರ್ಷ ಬದುಕಿದ್ದರೂ ಇನ್ನೊಂದು ಅಂಥ ಪರಿಪತ್ರ ಬರೆಯಲಿಲ್ಲ.

ಕಾನೂನು ಮತ್ತು ರಾಜಕಾರಣ

ಎರಡನೆಯ ಬಗೆಯ ಭಿನ್ನಮತ ನ್ಯಾಯಾಲಯ, ಶಾಸನಸಭೆಗಳಲ್ಲಿ ಬೆಳೆಯಿತು. ಅಮೆರಿಕದ ಸುಪ್ರೀಂ ಕೋರ್ಟಿನ ಕಥೋಲಿಕ ನ್ಯಾಯಮೂರ್ತಿ ವಿಲಿಯಂ ಬ್ರೆನ್ನನ್, ದಂಪತಿಗಳಿಗೆ ಗರ್ಭನಿರೋಧದ ಹಕ್ಕು ಕೊಟ್ಟ 1965ರ ಗ್ರಿಸ್ವೋಲ್ಡ್ ತೀರ್ಪಿನಲ್ಲಿ ಬಹುಮತದ ಜೊತೆಗಿದ್ದರು. ಆ ಹಕ್ಕನ್ನು ಮದುವೆಯಾಗದವರಿಗೂ ಚಾಚಿದ 1972ರ ತೀರ್ಪನ್ನು ಬರೆದವರೇ ಅವರು. ಬಾಸ್ಟನ್ನಿನ ಕಾರ್ಡಿನಲ್ ಕಷಿಂಗ್ ಬೋಧನೆಯನ್ನು ಬಿಟ್ಟುಕೊಡದಿದ್ದರೂ, ಕಥೋಲಿಕರು ತಮ್ಮ ಧರ್ಮಕ್ಕೆ ನಿಷ್ಠರಾಗಿರಲು ಪೊಲೀಸರ ಕಾನೂನು ಬೇಕಿಲ್ಲ ಎಂಬರ್ಥದ ಮಾತಾಡಿ ತಮ್ಮ ರಾಜ್ಯದ ನಿಷೇಧ ಸಡಿಲಗೊಳ್ಳಲು ದಾರಿ ಬಿಟ್ಟರು.

ಐರ್ಲೆಂಡಿನಲ್ಲಿ ಜಗ್ಗಾಟ ಹೆಚ್ಚು ಕಾಲ ನಡೆಯಿತು. 1935ರ ಕಾಯಿದೆ ಗರ್ಭನಿರೋಧಕಗಳ ಮಾರಾಟ, ಆಮದು ಎರಡನ್ನೂ ನಿಷೇಧಿಸಿತ್ತು. ಕಥೋಲಿಕ ಮನೆತನದ ಯುವ ಸೆನೆಟರ್ ಮೇರಿ ರಾಬಿನ್ಸನ್ 1971ರಲ್ಲಿ ಇಬ್ಬರು ಸಹಸದಸ್ಯರೊಂದಿಗೆ ತಿದ್ದುಪಡಿ ಮಸೂದೆ ತಂದರು. ಅಂಥ ಕಾನೂನು ದೇಶಕ್ಕೆ ಶಾಪವಾಗುತ್ತದೆಂಬ ಮಹಾಧರ್ಮಾಧ್ಯಕ್ಷ ಮಕ್ವೇಡ್ ಅವರ ಪತ್ರವನ್ನು ಡಬ್ಲಿನ್ನಿನ ಇಗರ್ಜಿಗಳಲ್ಲಿ ಓದಿದರು. ಮಸೂದೆಗೆ ಮೊದಲ ವಾಚನವೂ ಸಿಗಲಿಲ್ಲ. ಅದೇ ವರ್ಷ ಮೇ 22ರಂದು ಮಹಿಳಾ ಹೋರಾಟಗಾರ್ತಿಯರು ಬೆಲ್ಫಾಸ್ಟಿಗೆ ರೈಲಿನಲ್ಲಿ ಹೋಗಿ, ಗರ್ಭನಿರೋಧಕ ಕೊಂಡು ಡಬ್ಲಿನ್ನಿನ ಕಸ್ಟಮ್ಸ್ ಅಧಿಕಾರಿಗಳ ಕಣ್ಣೆದುರೇ ಎತ್ತಿ ತೋರಿಸಿದರು. ವೈದ್ಯರ ಚೀಟಿಯಿಲ್ಲದೆ ಮಾತ್ರೆ ಸಿಗದ್ದರಿಂದ ಆಸ್ಪಿರಿನ್ ಗುಳಿಗೆಗಳನ್ನೇ ಆ ಮಾತ್ರೆಯೆಂದು ತೋರಿಸಿದ್ದೂ ಉಂಟು. 1974ರಲ್ಲಿ ಪ್ರಧಾನಿ ಲಿಯಮ್ ಕಾಸ್‌ಗ್ರೇವ್ ತಮ್ಮದೇ ಸರ್ಕಾರದ ಮಸೂದೆಗೆ ವಿರುದ್ಧ ಮತ ಹಾಕಿದರು. 1979ರ ಕಾನೂನು ವೈದ್ಯರ ಚೀಟಿ ಇದ್ದರಷ್ಟೇ ಕೊಡಬಹುದೆಂದಿತು. 1985ರ ಫೆಬ್ರವರಿಯಲ್ಲಿ ಕಾಂಡೊಮಿಗೆ ಚೀಟಿಯ ಕಟ್ಟು ತೆಗೆಯುವ ಮಸೂದೆ ಬಂದಾಗ ವಿರೋಧಪಕ್ಷದ ಡೆಸ್ಮಂಡ್ ಒಮ್ಯಾಲಿ, ಗಣರಾಜ್ಯವೆಂದರೆ ಒಂದು ಧರ್ಮದ ಸೊತ್ತಲ್ಲವೆಂಬ ಭಾವದ ಭಾಷಣ ಮಾಡಿ, ವಿರುದ್ಧ ಮತ ಹಾಕಲು ಒಪ್ಪದೆ ಪಕ್ಷದಿಂದ ಉಚ್ಚಾಟಿತರಾದರು. ಮಸೂದೆ 83–80ರಲ್ಲಿ ಗೆದ್ದಿತು. 1990ರಲ್ಲಿ ರಾಬಿನ್ಸನ್ ದೇಶದ ರಾಷ್ಟ್ರಾಧ್ಯಕ್ಷೆಯಾದರು.

ಏಡ್ಸ್ ಹಬ್ಬಿದ ಮೇಲೆ ಪ್ರಶ್ನೆ ಇನ್ನೊಂದು ರೂಪ ತಾಳಿತು. ದಕ್ಷಿಣ ಆಫ್ರಿಕದ ಗಣಿ ಪ್ರದೇಶವಾದ ರಸ್ಟನ್‌ಬರ್ಗಿನ ಧರ್ಮಾಧ್ಯಕ್ಷ ಕೆವಿನ್ ಡೌಲಿಂಗ್, ಕಾಂಡೊಮನ್ನು ಜೀವ ತಡೆಯುವ ಸಾಧನವಾಗಿ ನೋಡದೆ ಜೀವ ಉಳಿಸುವ ಸಾಧನವಾಗಿ ನೋಡಬೇಕೆಂದು ತಮ್ಮ ಮಂಡಲಿಯ ನಿಲುವಿಗೆ ಎದುರಾಗಿ ಹೇಳಿದರು. ಮಿಲಾನಿನ ನಿವೃತ್ತ ಕಾರ್ಡಿನಲ್ ಮಾರ್ತೀನಿ, ‘ಹ್ಯುಮಾನೆ ವೀಟೆ’ಯಿಂದ ದೊಡ್ಡ ಹಾನಿಯಾಯಿತೆಂದು 2008ರಲ್ಲಿ ಪ್ರಕಟವಾದ ಸಂವಾದದಲ್ಲಿ ಒಪ್ಪಿಕೊಂಡರು. ಡಲ್ಲಾಸಿನ ಸನ್ಯಾಸಿನಿಯರ ಶಾಲೆಯಲ್ಲಿ ಓದಿದ ಮೆಲಿಂಡಾ ಗೇಟ್ಸ್, ಬಡದೇಶಗಳ ಹೆಂಗಸರಿಗೆ ಗರ್ಭನಿರೋಧಕ ಒದಗಿಸುವ ಲಂಡನ್ ಶೃಂಗಸಭೆಯನ್ನು 2012ರ ಜುಲೈನಲ್ಲಿ ಮುಂದೆ ನಿಂತು ನಡೆಸಿದಾಗ, ಬಡವರ ಸೇವೆಯ ಪಾಠ ಕಲಿಸಿದ್ದು ತನ್ನ ಧರ್ಮವೇ ಎಂದರು. ವ್ಯಾಟಿಕನ್ನಿನ ಪತ್ರಿಕೆ ಅವರನ್ನು ಟೀಕಿಸಿತು.

ಅದೇ ವರ್ಷ ಕಥೋಲಿಕ ಬಹುಸಂಖ್ಯಾತ ಫಿಲಿಪ್ಪೀನ್ಸಿನಲ್ಲಿ ಹತ್ತು ವರ್ಷಗಳಿಗೂ ಮಿಕ್ಕ ಹೋರಾಟವೊಂದು ತುದಿ ಮುಟ್ಟಿತು. ಮನಿಲಾ ನಗರದ ಮೇಯರ್ ಅತಿಯೆನ್ಸಾ 2000ದಲ್ಲಿ ಹೊರಡಿಸಿದ ಆದೇಶದ ಬಳಿಕ ಅಲ್ಲಿನ ಸರ್ಕಾರಿ ಕ್ಲಿನಿಕ್ಕುಗಳಲ್ಲಿ ಮಾತ್ರೆ, ಕಾಂಡೊಮ್ ಸಿಗುವುದು ನಿಂತುಹೋಗಿತ್ತು. ಉಳ್ಳವರು ಅಂಗಡಿಯಲ್ಲಿ ಕೊಂಡರು, ಕೊಳೆಗೇರಿಯ ಹೆಂಗಸರು ಹೆರುತ್ತಲೇ ಹೋದರು. ಜೆಸ್ವಿಟರ ಅತೆನೆಯೊ ವಿಶ್ವವಿದ್ಯಾಲಯದ ನೂರಕ್ಕೂ ಹೆಚ್ಚು ಅಧ್ಯಾಪಕರು, ಗರ್ಭನಿರೋಧಕಗಳನ್ನು ಸರ್ಕಾರವೇ ಒದಗಿಸಬೇಕೆಂಬ ಜನನಾರೋಗ್ಯ ಮಸೂದೆಯನ್ನು ಕಥೋಲಿಕರಾಗಿದ್ದುಕೊಂಡೇ ಬೆಂಬಲಿಸಬಹುದೆಂದು ಸಹಿ ಹಾಕಿದರು. ಧರ್ಮಾಧ್ಯಕ್ಷರ ಕಟು ವಿರೋಧದ ನಡುವೆ ಅಧ್ಯಕ್ಷ ಬೆನಿನ್ಯೊ ಅಕಿನೊ 2012ರ ಡಿಸೆಂಬರ್ 21ರಂದು ಸಮಾರಂಭವಿಲ್ಲದೆ ಅದಕ್ಕೆ ಅಂಕಿತ ಹಾಕಿದರು. ಸುಪ್ರೀಂ ಕೋರ್ಟು 2014ರಲ್ಲಿ ಕೆಲವು ವಿಧಿಗಳನ್ನು ಹೊಡೆದುಹಾಕಿ ಉಳಿದುದನ್ನು ಎತ್ತಿಹಿಡಿಯಿತು. ಮತ್ತೆ 2015ರಲ್ಲಿ ಬಂದ ತಡೆಯಾಜ್ಞೆಯಿಂದ ಕೆಲವು ಗರ್ಭನಿರೋಧಕಗಳ ಸರಬರಾಜು ನಿಂತಿತು. 2017ರ ನವೆಂಬರಿನಲ್ಲಿ ಅಲ್ಲಿನ ಔಷಧ ನಿಯಂತ್ರಣ ಇಲಾಖೆ 51 ಗರ್ಭನಿರೋಧಕಗಳು ಗರ್ಭಪಾತ ಮಾಡಿಸುವಂಥವಲ್ಲ ಎಂದು ಪ್ರಮಾಣೀಕರಿಸಿದ ಮೇಲಷ್ಟೇ ಅವು ಸರ್ಕಾರಿ ಕೇಂದ್ರಗಳಿಗೆ ಮರಳುವ ದಾರಿ ತೆರೆಯಿತು.