ವೈವಾಕ್ಸ್ ಮಲೇರಿಯಾದ ಮರುಕಳಿಕೆ

ಪ್ಲಾಸ್ಮೋಡಿಯಂ ವೈವಾಕ್ಸ್ ಸೋಂಕಿನಿಂದ ಚೇತರಿಸಿಕೊಂಡವರಿಗೆ ಹೊಸದಾಗಿ ಸೊಳ್ಳೆ ಕಚ್ಚದಿದ್ದರೂ ಮತ್ತೆ ಜ್ವರ ಬರುವ ಸ್ಥಿತಿ. ಹಿಪ್ನೊಜೊಯಿಟ್ ಎಂಬ ಸುಪ್ತ ರೂಪಗಳು ಯಕೃತ್ತಿನ ಕೋಶಗಳಲ್ಲಿ ಉಳಿದು, ವಾರಗಳ ಅಥವಾ ತಿಂಗಳುಗಳ ಬಳಿಕ ಸಕ್ರಿಯವಾಗುತ್ತವೆ. ಕ್ಲೋರೊಕ್ವಿನ್ ರಕ್ತದಲ್ಲಿರುವ ಪರಾವಲಂಬಿಗಳನ್ನು ಕೊಲ್ಲುತ್ತದೆ. ಈ ಸುಪ್ತ ರೂಪಗಳನ್ನು ನಾಶಮಾಡದು.

ಚಿಕಿತ್ಸೆ: ಕೊರಿಯಾ ಯುದ್ಧದಿಂದ ಮರಳಿದ ಅಮೆರಿಕದ ಸೈನಿಕರಲ್ಲಿ ಮರುಕಳಿಕೆ ತಡೆಯಲು ಪ್ರೈಮಾಕ್ವಿನ್ ವ್ಯಾಪಕವಾಗಿ ಬಳಕೆಯಾಯಿತು. ಭಾರತದಲ್ಲಿ ಇದನ್ನು ದಿನಕ್ಕೆ ಕಿಲೋ ತೂಕಕ್ಕೆ 0.25 ಮಿ.ಗ್ರಾಂನಂತೆ 14 ದಿನ ಕೊಡುವುದು ರೂಢಿ. ಜ್ವರ ಇಳಿದ ಮೇಲೆ ಹಲವರು ಮಾತ್ರೆ ನಿಲ್ಲಿಸುವುದರಿಂದ ಅವಧಿ ತಗ್ಗಿಸುವ ಸಂಶೋಧನೆ ನಡೆಯಿತು. ಆಫ್ಘಾನಿಸ್ತಾನ, ಇಥಿಯೋಪಿಯಾ, ಇಂಡೋನೇಷ್ಯಾ, ವಿಯೆಟ್ನಾಂಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಒಟ್ಟು ಪ್ರಮಾಣ ಅಷ್ಟೇ ಇದ್ದ 7 ದಿನಗಳ ಕ್ರಮವು 14 ದಿನಗಳ ಕ್ರಮಕ್ಕಿಂತ ಕಡಿಮೆಯಲ್ಲವೆಂದು ಕಂಡುಬಂತು. ಒಂದೇ ಬಾರಿಗೆ ನುಂಗುವ ಟಫೆನೊಕ್ವಿನ್‌ಗೆ 2018ರಲ್ಲಿ ಅಮೆರಿಕ ಅನುಮತಿ ನೀಡಿತು.

ಎಚ್ಚರಿಕೆ: ಜಿ6ಪಿಡಿ ಕಿಣ್ವದ ಕೊರತೆಯಿರುವವರಲ್ಲಿ ಈ ಎರಡೂ ಔಷಧಗಳಿಂದ ಕೆಂಪು ರಕ್ತಕಣಗಳು ಒಡೆಯಬಹುದು. ಆದ್ದರಿಂದ ಟಫೆನೊಕ್ವಿನ್‌ಗೆ ಮೊದಲು ಕಿಣ್ವದ ಮಟ್ಟ ಅಳೆಯುವುದು ಕಡ್ಡಾಯ. ಗರ್ಭಿಣಿಯರಿಗೆ ಎರಡನ್ನೂ ಕೊಡುವುದಿಲ್ಲ.

ಸಂಶೋಧನೆಯ ತೊಡಕು: ಮತ್ತೆ ಬಂದ ಜ್ವರಕ್ಕೆ ಯಕೃತ್ತಿನ ಸುಪ್ತ ರೂಪ, ಚಿಕಿತ್ಸೆಯಲ್ಲಿ ಉಳಿದುಹೋದ ರಕ್ತದ ಸೋಂಕು ಅಥವಾ ಹೊಸ ಸೊಳ್ಳೆ ಕಡಿತ ಕಾರಣವಿರಬಹುದು. ವಂಶವಾಹಿ ಪರೀಕ್ಷೆಯೂ ಇವುಗಳನ್ನು ಎಲ್ಲ ಸಂದರ್ಭಗಳಲ್ಲಿ ಬೇರ್ಪಡಿಸಲಾರದು. ಹೀಗಾಗಿ ಪ್ರಯೋಗಗಳಲ್ಲಿ ರೋಗಿಗಳನ್ನು ಹಲವು ತಿಂಗಳು ಗಮನಿಸಿ, ಗುಂಪುಗಳ ನಡುವಣ ವ್ಯತ್ಯಾಸವನ್ನು ಹೋಲಿಸಲಾಗುತ್ತದೆ.