ಕರ್ನಾಟಕದಲ್ಲಿ ವಿದೇಶಿ ಇಂಗ್ಲಿಷ್ ಶಿಕ್ಷಕರು

ಕರ್ನಾಟಕದಲ್ಲಿ ವಿದೇಶಿ ಇಂಗ್ಲಿಷ್ ಶಿಕ್ಷಕರು ಎಂದರೆ ಹೊರದೇಶಗಳಿಂದ ಬಂದು ಇಂದಿನ ಕರ್ನಾಟಕದ ಪ್ರದೇಶಗಳಲ್ಲಿನ ಮಿಶನ್ ಶಾಲೆ, ಖಾಸಗಿ ವಿದ್ಯಾಸಂಸ್ಥೆ ಹಾಗೂ ಕಾಲೇಜುಗಳಲ್ಲಿ ಇಂಗ್ಲಿಷ್ ಭಾಷೆಯನ್ನು ಕಲಿಸಿದವರು. ಈ ಪರಂಪರೆಯು 19ನೇ ಶತಮಾನದ ಪೂರ್ವಾರ್ಧದಲ್ಲಿ ಕ್ರೈಸ್ತ ಮಿಶನ್‌ಗಳ ಶಾಲೆಗಳೊಂದಿಗೆ ಆರಂಭವಾಯಿತು. ಬ್ರಿಟಿಷರಲ್ಲದೆ ಜರ್ಮನಿ, ಸ್ವಿಟ್ಜರ್ಲೆಂಡ್ ಮತ್ತು ಇಟಲಿಯಿಂದ ಬಂದವರೂ ಇವರಲ್ಲಿದ್ದರು. ಆದುದರಿಂದ ಕರ್ನಾಟಕದ ಆರಂಭಿಕ ಇಂಗ್ಲಿಷ್ ಶಿಕ್ಷಕರಲ್ಲಿ ಅನೇಕರಿಗೆ ಇಂಗ್ಲಿಷ್ ಮಾತೃಭಾಷೆಯಾಗಿರಲಿಲ್ಲ. 20ನೇ ಶತಮಾನದಲ್ಲಿ ಈ ಕೆಲಸವು ಬಹುಮಟ್ಟಿಗೆ ಭಾರತೀಯ ಅಧ್ಯಾಪಕರ ಕೈಗೆ ಬಂದಿತು.

ಹಿನ್ನೆಲೆ

19ನೇ ಶತಮಾನದಲ್ಲಿ ಕನ್ನಡ ಪ್ರದೇಶವು ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು. ಧಾರವಾಡ ಜಿಲ್ಲೆ ಮತ್ತು ಅದರೊಳಗಿನ ಗದಗ ತಾಲೂಕು ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದವು. ಬಳ್ಳಾರಿ ಮತ್ತು ಮಂಗಳೂರು ಮದ್ರಾಸ್ ಪ್ರಾಂತ್ಯದಲ್ಲಿದ್ದವು. ಶಿರಹಟ್ಟಿಯು ಸಾಂಗ್ಲಿ ಸಂಸ್ಥಾನದ ಆಳ್ವಿಕೆಗೂ ಲಕ್ಷ್ಮೇಶ್ವರವು ಮೀರಜ್ ಸಂಸ್ಥಾನದ ಆಳ್ವಿಕೆಗೂ ಒಳಪಟ್ಟಿದ್ದವು. ಮೈಸೂರು ಪ್ರತ್ಯೇಕ ಸಂಸ್ಥಾನವಾಗಿತ್ತು. ಇದರಿಂದಾಗಿ ಶಾಲೆಗಳ ನಿಯಮ, ಪಠ್ಯ ಮತ್ತು ಪರೀಕ್ಷೆಗಳು ಒಂದೊಂದು ಕಡೆ ಒಂದೊಂದು ಬಗೆಯಾಗಿದ್ದವು.

ಹಳ್ಳಿಗಳಲ್ಲಿ ವಿದ್ಯಾಭ್ಯಾಸವು ಕೂಲಿಮಠ ಅಥವಾ ಗಾಂವಠಿ ಶಾಲೆಗಳಲ್ಲಿ ನಡೆಯುತ್ತಿತ್ತು. ಮುಂಬಯಿ ಕರ್ನಾಟಕದಲ್ಲಿ ಕಚೇರಿಯ ವ್ಯವಹಾರ ಮತ್ತು ಶಿಕ್ಷಣಗಳಲ್ಲಿ ಮರಾಠಿಯ ಪ್ರಾಬಲ್ಯವಿತ್ತು. ಧಾರವಾಡದಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ 1830ರ ದಶಕದಲ್ಲಿ ಕನ್ನಡ ಶಾಲೆಗಳಿಗೆ ಒತ್ತಾಸೆ ನೀಡಿದನು. ಮುಂದೆ ಡೆಪ್ಯುಟಿ ಚನ್ನಬಸಪ್ಪನವರು ಆ ಕೆಲಸವನ್ನು ವಿಸ್ತರಿಸಿದರು. ಹೀಗೆ ಈ ಭಾಗದಲ್ಲಿ ಕನ್ನಡವು ತನ್ನ ಸ್ಥಾನಕ್ಕಾಗಿ ಹೋರಾಡುತ್ತಿದ್ದ ಕಾಲದಲ್ಲಿಯೇ ಇಂಗ್ಲಿಷ್ ಶಿಕ್ಷಣವೂ ಕಾಲಿಟ್ಟಿತು. ಇಂಗ್ಲಿಷ್ ಶಾಲೆಗಳು ದೊಡ್ಡ ಊರುಗಳಲ್ಲಿ ಮಾತ್ರ ಇದ್ದುದರಿಂದ ಇಂದಿನ ಲಕ್ಷ್ಮೇಶ್ವರ ತಾಲೂಕಿನ ಶಿಗ್ಲಿಯಂತಹ ಗ್ರಾಮದ ವಿದ್ಯಾರ್ಥಿಯು ಇಂಗ್ಲಿಷ್ ಕಲಿಯಬೇಕೆಂದರೆ ಊರು ಬಿಟ್ಟು ಪಟ್ಟಣ ಸೇರಬೇಕಾಗಿತ್ತು.

1835ರಲ್ಲಿ ಇಂಗ್ಲಿಷ್ ಶಿಕ್ಷಣದ ಪರವಾಗಿ ಸರ್ಕಾರವು ಕೈಗೊಂಡ ನಿರ್ಧಾರ, 1854ರ ವುಡ್ ಶಿಕ್ಷಣ ಆದೇಶ ಹಾಗೂ 1857ರಲ್ಲಿ ಮುಂಬಯಿ ಮತ್ತು ಮದ್ರಾಸ್ ವಿಶ್ವವಿದ್ಯಾಲಯಗಳ ಸ್ಥಾಪನೆ ಈ ಬೇಡಿಕೆಯನ್ನು ಹೆಚ್ಚಿಸಿದವು. ವುಡ್ ಆದೇಶದ ಅನ್ವಯ ಖಾಸಗಿ ಶಾಲೆಗಳಿಗೂ ಸರ್ಕಾರದ ಅನುದಾನ ದೊರೆಯುವ ವ್ಯವಸ್ಥೆಯಾಯಿತು. ಮೆಟ್ರಿಕ್ಯುಲೇಷನ್ ಪರೀಕ್ಷೆಯು ಸರ್ಕಾರಿ ನೌಕರಿಗೆ ಹೆಬ್ಬಾಗಿಲಾದಂತೆ ಇಂಗ್ಲಿಷ್ ಶಿಕ್ಷಕನ ಬೆಲೆಯೂ ಏರಿತು.

ಪ್ರಮುಖ ಸಂಸ್ಥೆಗಳು

ಲಂಡನ್ ಮಿಶನ್, ಬಳ್ಳಾರಿ

ಲಂಡನ್ ಮಿಶನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಯಲ್ಲಿ ಕೆಲಸ ಆರಂಭಿಸಿದನು. ಅದೇ ಸಂಸ್ಥೆಯ ವಿಲಿಯಂ ರೀವ್ ರಚಿಸಿದ ಇಂಗ್ಲಿಷ್–ಕನ್ನಡ ನಿಘಂಟು 1824ರಲ್ಲಿಯೂ ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿಯೂ ಪ್ರಕಟವಾದವು. 1846ರಲ್ಲಿ ಸ್ಥಾಪನೆಯಾದ ವಾರ್ಡ್‌ಲಾ ಶಾಲೆಯು ಬಳ್ಳಾರಿಯ ಹಳೆಯ ಇಂಗ್ಲಿಷ್ ಶಾಲೆಗಳಲ್ಲಿ ಪ್ರಮುಖವಾದುದು.

ಬಾಸೆಲ್ ಮಿಶನ್

1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಈ ಮಿಶನ್ ಸ್ಥಾಪನೆಯಾಯಿತು. ಈಸ್ಟ್ ಇಂಡಿಯಾ ಕಂಪನಿಯ 1833ರ ಸನ್ನದು ಕಾಯಿದೆಯು ಬ್ರಿಟಿಷರಲ್ಲದ ಮಿಶನರಿಗಳಿಗೂ ಭಾರತದಲ್ಲಿ ನೆಲೆಸಲು ದಾರಿ ತೆರೆಯಿತು. ಸ್ಯಾಮ್ಯುಯೆಲ್ ಹೆಬಿಕ್, ಲೆಹ್ನರ್ ಮತ್ತು ಗ್ರೈನರ್ ಎಂಬ ಮೂವರು 1834ರ ಅಕ್ಟೋಬರ್‌ನಲ್ಲಿ ಮಂಗಳೂರಿಗೆ ಬಂದರು. ನಂತರ ಧಾರವಾಡ (1837), ಹುಬ್ಬಳ್ಳಿ (1839) ಹಾಗೂ ಗದಗದ ಪಕ್ಕದ ಬೆಟಗೇರಿಯಲ್ಲಿ (1841) ಮಿಶನ್ ಕೇಂದ್ರಗಳು ಆರಂಭವಾದವು.

ಈ ಮಿಶನರಿಗಳಲ್ಲಿ ಹೆಚ್ಚಿನವರು ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯವರು. ಅವರಿಗೆ ಇಂಗ್ಲಿಷ್ ಸ್ವತಃ ಕಲಿತ ಭಾಷೆಯಾಗಿತ್ತು, ಕನ್ನಡವು ಅದರ ನಂತರ ಕಲಿಯಬೇಕಾದ ಮತ್ತೊಂದು ಭಾಷೆಯಾಗಿತ್ತು. ಹಳ್ಳಿಗಳಲ್ಲಿ ಅವರು ನಡೆಸಿದ ಪ್ರಾಥಮಿಕ ಶಾಲೆಗಳ ಮಾಧ್ಯಮ ಕನ್ನಡವೇ ಆಗಿತ್ತು. ಇಂಗ್ಲಿಷ್ ಬೋಧನೆಯು ಮಂಗಳೂರು, ಧಾರವಾಡ ಮುಂತಾದ ಪಟ್ಟಣಗಳಿಗೆ ಸೀಮಿತವಾಗಿತ್ತು. ಮಂಗಳೂರಿನಲ್ಲಿ 1838ರಲ್ಲಿ ಇಂಗ್ಲಿಷ್ ಶಾಲೆ ಆರಂಭವಾಯಿತು. 1836ರಲ್ಲಿ ಭಾರತಕ್ಕೆ ಬಂದ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಶಿಕ್ಷಕನಾಗಿ ಕೆಲಸ ಮಾಡಿದನು. ಕನ್ನಡದ ಮೊದಲ ಪತ್ರಿಕೆಯೆನಿಸಿದ 'ಮಂಗಳೂರ ಸಮಾಚಾರ'ವನ್ನು 1843ರ ಜುಲೈ 1ರಂದು ಹೊರತಂದವನೂ ಅವನೇ.

ಕೊಡಗಿನಲ್ಲಿ ಬಾಸೆಲ್ ಮಿಶನ್ನಿನ ಜಿ. ರಿಕ್ಟರ್ ಮಡಿಕೇರಿಯ ಸರ್ಕಾರಿ ಕೇಂದ್ರ ಶಾಲೆಯ ಮುಖ್ಯಸ್ಥನಾಗಿದ್ದನು. 1870ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾದ ಕೊಡಗಿನ ಕೈಪಿಡಿಯು ಈತನ ಕೃತಿ.

ಮೈಸೂರು ಮತ್ತು ಬೆಂಗಳೂರು

ಮುಮ್ಮಡಿ ಕೃಷ್ಣರಾಜ ಒಡೆಯರು 1833ರಲ್ಲಿ ಮೈಸೂರಿನಲ್ಲಿ ಉಚಿತ ಇಂಗ್ಲಿಷ್ ಶಾಲೆಯನ್ನು ಸ್ಥಾಪಿಸಿದರು. ಇದು ಕೆಲವು ಕಾಲ ವೆಸ್ಲಿಯನ್ ಮಿಶನ್ನಿನ ಮೇಲ್ವಿಚಾರಣೆಯಲ್ಲಿದ್ದು, 1868ರಲ್ಲಿ ಸರ್ಕಾರದ ವಶಕ್ಕೆ ಬಂದು, ಮುಂದೆ ಮಹಾರಾಜ ಕಾಲೇಜಾಗಿ ಬೆಳೆಯಿತು. ಬೆಂಗಳೂರಿನಲ್ಲಿ 1858ರಲ್ಲಿ ಆರಂಭವಾದ ಪ್ರೌಢಶಾಲೆಯು ಸೆಂಟ್ರಲ್ ಕಾಲೇಜಾಯಿತು. ವೆಸ್ಲಿಯನ್ ಮಿಶನರಿಯಾಗಿ ಬಂದಿದ್ದ ಜಾನ್ ಗ್ಯಾರೆಟ್ ಅದರ ಮೊದಲ ಮುಖ್ಯಸ್ಥನು. ಶಾಸನ ಸಂಶೋಧಕರೆಂದು ಪ್ರಸಿದ್ಧರಾದ ಬಿ. ಎಲ್. ರೈಸ್ ಅವರೂ ಇದೇ ಶಾಲೆಯ ಮುಖ್ಯಸ್ಥರಾಗಿ ವೃತ್ತಿಜೀವನ ಆರಂಭಿಸಿದರು. ರೈಸ್ ಹುಟ್ಟಿದ್ದು ಬೆಂಗಳೂರಿನಲ್ಲಿಯೇ. ಯೂರೋಪಿಯನ್ ಮತ್ತು ಆಂಗ್ಲೋ-ಇಂಡಿಯನ್ ಮಕ್ಕಳಿಗಾಗಿ ಬೆಂಗಳೂರಿನಲ್ಲಿ ಬಿಷಪ್ ಕಾಟನ್ ಶಾಲೆ (1865), ಬಾಲ್ಡ್‌ವಿನ್ ಶಾಲೆ (1880) ಮುಂತಾದವು ಸ್ಥಾಪನೆಯಾದವು.

ಸಂತ ಅಲೋಶಿಯಸ್ ಕಾಲೇಜು, ಮಂಗಳೂರು

1878ರ ಕೊನೆಯಲ್ಲಿ ಮಂಗಳೂರಿಗೆ ಬಂದ ಯೇಸುಸಭೆಯ ಪಾದ್ರಿಗಳು 1880ರಲ್ಲಿ ಈ ಕಾಲೇಜನ್ನು ತೆರೆದರು. ಇವರಲ್ಲಿ ಇಟಲಿಯವರೇ ಪ್ರಮುಖರು. ಇಟಾಲಿಯನ್ ಮಾತೃಭಾಷೆಯ ಗುರುಗಳು ಕನ್ನಡ, ತುಳು, ಕೊಂಕಣಿ ಮಾತೃಭಾಷೆಯ ವಿದ್ಯಾರ್ಥಿಗಳಿಗೆ ಇಂಗ್ಲಿಷಿನ ಮೂಲಕ ಪಾಠ ಹೇಳಿದ ನಿದರ್ಶನ ಇಲ್ಲಿದೆ. ಇವರಲ್ಲೊಬ್ಬನಾದ ಆಂಜೆಲೊ ಮಾಫೆಯಿ ಕೊಂಕಣಿ ವ್ಯಾಕರಣ (1882) ಮತ್ತು ನಿಘಂಟನ್ನು (1883) ರಚಿಸಿದನು.

ಬೋಧನೆ ಮತ್ತು ಪಠ್ಯ ಸಾಮಗ್ರಿ

ಅಂದಿನ ಬೋಧನೆಯು ವ್ಯಾಕರಣ, ಭಾಷಾಂತರ ಮತ್ತು ಕಂಠಪಾಠಗಳನ್ನು ಅವಲಂಬಿಸಿತ್ತು. ಮಿಶನ್ ಶಾಲೆಗಳಲ್ಲಿ ಬೈಬಲ್ ಪಾಠವೂ ದಿನಚರಿಯ ಭಾಗವಾಗಿತ್ತು. ಪಾಠ ಹೇಳುವ ಮುನ್ನ ವಿದೇಶಿ ಶಿಕ್ಷಕನು ತಾನೇ ವಿದ್ಯಾರ್ಥಿಯಾಗಿ ಸ್ಥಳೀಯ ಪಂಡಿತರಿಂದ ಕನ್ನಡ ಕಲಿಯುತ್ತಿದ್ದನು. ಈ ಎರಡು ಬಗೆಯ ಕಲಿಕೆಯ ಫಲವಾಗಿ ಅನೇಕ ಉಪಯುಕ್ತ ಗ್ರಂಥಗಳು ಹುಟ್ಟಿದವು. ಬಾಸೆಲ್ ಮಿಶನ್ನಿನ ಎಫ್. ಸೀಗ್ಲರ್ ಶಾಲಾ ವಿದ್ಯಾರ್ಥಿಗಳಿಗಾಗಿ ಇಂಗ್ಲಿಷ್–ಕನ್ನಡ ನಿಘಂಟನ್ನು ಸಿದ್ಧಪಡಿಸಿದನು. 1853ರಲ್ಲಿ ಭಾರತಕ್ಕೆ ಬಂದ ಫರ್ಡಿನಾಂಡ್ ಕಿಟ್ಟೆಲ್ ಧಾರವಾಡ, ಹುಬ್ಬಳ್ಳಿ ಮುಂತಾದೆಡೆ ನೆಲೆಸಿದ್ದನು. ಆತನ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಜರ್ಮನ್ ಮಾತೃಭಾಷೆಯ ವಿದ್ವಾಂಸನು ಕನ್ನಡ ಪದಗಳಿಗೆ ಇಂಗ್ಲಿಷಿನಲ್ಲಿ ಅರ್ಥ ಬರೆದ ಈ ಗ್ರಂಥವು ಇಂದಿಗೂ ಬಳಕೆಯಲ್ಲಿದೆ.

ವಿವಾದಗಳು

ಮಿಶನ್ ಶಾಲೆಗಳ ಇಂಗ್ಲಿಷ್ ಶಿಕ್ಷಣಕ್ಕೂ ಮತಪ್ರಚಾರಕ್ಕೂ ಇದ್ದ ನಂಟು ಆರಂಭದಿಂದಲೂ ವಿವಾದಕ್ಕೆ ಕಾರಣವಾಯಿತು. ತಂದೆತಾಯಿಗಳಿಗೆ ಬೇಕಾಗಿದ್ದುದು ನೌಕರಿ ಕೊಡಿಸುವ ಭಾಷೆ. ಶಾಲೆ ನಡೆಸುವವರ ಮುಖ್ಯ ಉದ್ದೇಶ ಧರ್ಮಬೋಧನೆಯಾಗಿತ್ತು. 1844ರ ಜನವರಿಯಲ್ಲಿ ಮಂಗಳೂರಿನ ಇಂಗ್ಲಿಷ್ ಶಾಲೆಯ ವಿದ್ಯಾರ್ಥಿ, ಸಾರಸ್ವತ ಬ್ರಾಹ್ಮಣ ಕುಟುಂಬದ ಆನಂದರಾವ್ ಕೌಂಡಿನ್ಯ ತನ್ನ ಇಬ್ಬರು ಸಂಗಡಿಗರೊಂದಿಗೆ ಕ್ರೈಸ್ತಮತವನ್ನು ಸ್ವೀಕರಿಸಿದಾಗ ಊರಿನಲ್ಲಿ ದೊಡ್ಡ ಕೋಲಾಹಲವೆದ್ದಿತು. ಹರ್ಮನ್ ಆನಂದರಾವ್ ಕೌಂಡಿನ್ಯ ಎಂಬ ಹೆಸರು ಪಡೆದ ಅವರು ಬಾಸೆಲ್‌ಗೆ ಹೋಗಿ ವ್ಯಾಸಂಗ ಮಾಡಿ ಮರಳಿ ಬಂದು ಮಿಶನ್ನಿನಲ್ಲಿಯೇ ಶಿಕ್ಷಕರಾದರು. ಒಂದು ಕುಟುಂಬಕ್ಕೆ ಮಗನನ್ನು ಕಳೆದುಕೊಂಡ ದುಃಖವಾಗಿದ್ದ ಈ ಘಟನೆಯನ್ನು ಮಿಶನ್ ತನ್ನ ಯಶಸ್ಸೆಂದು ಪರಿಗಣಿಸಿತು.

ಎರಡನೆಯ ಆಕ್ಷೇಪವು ಭಾಷೆಗೆ ಸಂಬಂಧಿಸಿದುದು. ಇಂಗ್ಲಿಷ್ ಕಲಿತವರು ಕನ್ನಡವನ್ನು ಕಡೆಗಣಿಸುವರೆಂಬ ಆತಂಕವು ಕನ್ನಡ ವಿದ್ವಾಂಸರಲ್ಲಿತ್ತು. ಆದರೆ ಇದಕ್ಕೆ ವಿರುದ್ಧವಾದ ಉದಾಹರಣೆಗಳೂ ಇವೆ. ವಿದ್ಯಾರ್ಥಿದೆಸೆಯಲ್ಲಿ ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ಕುವೆಂಪು ಅವರಿಗೆ ಮಾತೃಭಾಷೆಯಲ್ಲಿ ಬರೆಯುವಂತೆ ಸಲಹೆ ನೀಡಿದವರು ಐರಿಷ್ ಕವಿ ಜೇಮ್ಸ್ ಕಸಿನ್ಸ್. ಮಹಾರಾಜ ಕಾಲೇಜಿನಲ್ಲಿ ಜೆ. ಸಿ. ರಾಲೊ ಅವರಂತಹ ಬ್ರಿಟಿಷ್ ಪ್ರಾಧ್ಯಾಪಕರು ಇಂಗ್ಲಿಷ್ ಸಾಹಿತ್ಯವನ್ನು ಬೋಧಿಸುತ್ತಿದ್ದ ಕಾಲದಲ್ಲಿಯೇ ಇಂಗ್ಲಿಷ್ ಅಧ್ಯಾಪಕರಾಗಿದ್ದ ಬಿ. ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತಂದು ನವೋದಯ ಕಾವ್ಯಕ್ಕೆ ದಾರಿ ಮಾಡಿದರು.

ಇಳಿಮುಖ

1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗ ಬಾಸೆಲ್ ಮಿಶನ್ನಿನ ಜರ್ಮನ್ ಶಿಕ್ಷಕರು ಒಮ್ಮೆಲೇ ಶತ್ರುದೇಶದ ಪ್ರಜೆಗಳೆನಿಸಿದರು. ಅನೇಕರನ್ನು ಅಹಮದ್‌ನಗರದ ಶಿಬಿರದಲ್ಲಿ ಬಂಧನದಲ್ಲಿಟ್ಟು ನಂತರ ಸ್ವದೇಶಕ್ಕೆ ಕಳುಹಿಸಲಾಯಿತು. ಬ್ರಿಟಿಷರ ಭಾಷೆಯನ್ನು ಕಲಿಸುತ್ತಿದ್ದವರನ್ನು ಬ್ರಿಟಿಷ್ ಸರ್ಕಾರವೇ ಹೊರಹಾಕಿದ ಈ ಸನ್ನಿವೇಶದಲ್ಲಿ ಶಾಲೆಗಳ ಹೊಣೆಯು ಭಾರತೀಯ ಶಿಕ್ಷಕರ ಮೇಲೆ ಹಾಗೂ ಇತರ ಮಿಶನ್‌ಗಳ ಮೇಲೆ ಬಿದ್ದಿತು. ಅಷ್ಟರಲ್ಲಿ ವಿಶ್ವವಿದ್ಯಾಲಯಗಳ ಪದವಿ ಪಡೆದ ಭಾರತೀಯ ಅಧ್ಯಾಪಕರೂ ಸಾಕಷ್ಟು ಸಂಖ್ಯೆಯಲ್ಲಿದ್ದರು.

ಸ್ವಾತಂತ್ರ್ಯಾನಂತರ ವಿದೇಶಿ ತಜ್ಞರ ಪಾತ್ರವು ತರಗತಿಯಿಂದ ಶಿಕ್ಷಕರ ತರಬೇತಿಯ ಕಡೆಗೆ ಸರಿಯಿತು. 1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಸ್ಥಾಪನೆಯಾಯಿತು. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅವರ ನೇತೃತ್ವದಲ್ಲಿ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆದ ಪ್ರಯೋಗವು 'ಬೆಂಗಳೂರು ಯೋಜನೆ' ಎಂದು ಹೆಸರಾಯಿತು. ವ್ಯಾಕರಣವನ್ನು ನೇರವಾಗಿ ಬೋಧಿಸುವ ಬದಲು ನಕ್ಷೆ, ವೇಳಾಪಟ್ಟಿ ಮುಂತಾದವುಗಳನ್ನು ಕುರಿತ ಸಮಸ್ಯೆಗಳನ್ನು ಬಿಡಿಸುತ್ತ ಮಕ್ಕಳು ಭಾಷೆಯನ್ನು ಕಲಿಯುವರೆಂಬುದು ಇದರ ತಿರುಳು. ಭಾರತೀಯ ತರಗತಿಗಳಲ್ಲಿ ರೂಪುಗೊಂಡ ಈ ವಿಧಾನವು ಜಗತ್ತಿನ ಭಾಷಾ ಬೋಧನಾಶಾಸ್ತ್ರದಲ್ಲಿ ಚರ್ಚೆಯ ವಿಷಯವಾಯಿತು.

ಇಂದಿನ ಸ್ಥಿತಿ

ಇಂದು ಕರ್ನಾಟಕದ ಶಾಲೆಗಳಲ್ಲಿ ಮತ್ತು ಸಣ್ಣ ಪಟ್ಟಣಗಳಲ್ಲಿಯೂ ಕಾಣುವ ಸ್ಪೋಕನ್ ಇಂಗ್ಲಿಷ್ ತರಗತಿಗಳಲ್ಲಿ ಬೋಧಿಸುವವರು ಸಾಮಾನ್ಯವಾಗಿ ಭಾರತೀಯರೇ. ಇದಕ್ಕೆ ನುರಿತ ಸ್ಥಳೀಯ ಶಿಕ್ಷಕರ ಲಭ್ಯತೆಯೊಂದಿಗೆ ವೀಸಾ ನಿಯಮವೂ ಕಾರಣವಾಗಿದೆ. ಭಾರತದ ಉದ್ಯೋಗ ವೀಸಾ ಪಡೆಯಲು ವಿದೇಶೀಯನಿಗೆ ಸರ್ಕಾರವು ಗೊತ್ತುಪಡಿಸಿದ ಕನಿಷ್ಠ ವಾರ್ಷಿಕ ವೇತನ ಇರಬೇಕು. ಭಾಷಾ ಶಿಕ್ಷಕರಿಗೆ ಈ ಷರತ್ತಿನಿಂದ ವಿನಾಯಿತಿ ಇದ್ದರೂ ಇಂಗ್ಲಿಷ್ ಶಿಕ್ಷಕರನ್ನು ಆ ವಿನಾಯಿತಿಯಿಂದ ಹೊರಗಿಡಲಾಗಿದೆ. ಹೀಗಾಗಿ ಬೆಂಗಳೂರಿನ ಭಾಷಾ ಕೇಂದ್ರವೊಂದು ಜರ್ಮನ್ ಅಥವಾ ಜಪಾನಿ ಕಲಿಸಲು ವಿದೇಶಿ ಶಿಕ್ಷಕನನ್ನು ಸಾಧಾರಣ ಸಂಬಳಕ್ಕೆ ನೇಮಿಸಿಕೊಳ್ಳಲು ಸಾಧ್ಯವಿದ್ದರೂ ಇಂಗ್ಲಿಷ್ ಕಲಿಸಲು ಹಾಗೆ ನೇಮಿಸಿಕೊಳ್ಳಲಾಗದು.

ಚೀನಾದೊಂದಿಗೆ ಹೋಲಿಕೆ

ಚೀನಾದಲ್ಲಿ 1990ರ ದಶಕದಿಂದ ಖಾಸಗಿ ಇಂಗ್ಲಿಷ್ ತರಬೇತಿ ಕೇಂದ್ರಗಳು ವ್ಯಾಪಕವಾಗಿ ಬೆಳೆದು ವಿದೇಶಿ ಶಿಕ್ಷಕರನ್ನು ದೊಡ್ಡ ಪ್ರಮಾಣದಲ್ಲಿ ನೇಮಿಸಿಕೊಂಡವು. 2017ರ ಏಪ್ರಿಲ್‌ನಲ್ಲಿ ದೇಶದಾದ್ಯಂತ ಜಾರಿಗೆ ಬಂದ ಕೆಲಸದ ಪರವಾನಗಿ ವ್ಯವಸ್ಥೆಯ ಪ್ರಕಾರ ವಿದೇಶಿಯರನ್ನು ಎ, ಬಿ, ಸಿ ಎಂಬ ಮೂರು ವರ್ಗಗಳಾಗಿ ವಿಂಗಡಿಸಲಾಗುತ್ತದೆ. ಭಾಷಾ ಶಿಕ್ಷಕನು ಸಾಮಾನ್ಯವಾಗಿ ತನ್ನ ಮಾತೃಭಾಷೆಯನ್ನೇ ಕಲಿಸಬೇಕು, ಪದವೀಧರನಾಗಿರಬೇಕು ಹಾಗೂ ಎರಡು ವರ್ಷಗಳ ಅನುಭವ ಹೊಂದಿರಬೇಕು. ಶಿಕ್ಷಣಶಾಸ್ತ್ರದ ಪದವಿ ಅಥವಾ ಮಾನ್ಯತೆ ಪಡೆದ ಬೋಧನಾ ಪ್ರಮಾಣಪತ್ರ ಇದ್ದವರಿಗೆ ಅನುಭವದ ಷರತ್ತಿನಲ್ಲಿ ರಿಯಾಯಿತಿ ಇದೆ. ಇಂಗ್ಲಿಷಿನ ವಿಷಯದಲ್ಲಿ ಬ್ರಿಟನ್, ಅಮೆರಿಕ, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ ಮೊದಲಾದ ದೇಶಗಳವರಿಗೆ ಆದ್ಯತೆಯಿದ್ದು, ಇಂಗ್ಲಿಷ್ ಮಾಧ್ಯಮದಲ್ಲಿಯೇ ಓದಿದ ಭಾರತೀಯ ಪದವೀಧರರಿಗೆ ಈ ನಿಯಮವು ಅಡ್ಡಿಯಾಗಿದೆ. ಸೂಕ್ತ ಪರವಾನಗಿಯಿಲ್ಲದೆ ಪ್ರವಾಸಿ ಅಥವಾ ವಿದ್ಯಾರ್ಥಿ ವೀಸಾದಲ್ಲಿ ಪಾಠ ಹೇಳುವುದು ಅಲ್ಲಿ ಕಾನೂನುಬಾಹಿರವಾಗಿದ್ದು, ದಂಡ ಮತ್ತು ಗಡೀಪಾರಿಗೆ ಗುರಿಮಾಡಬಹುದು.

2021ರ ಜುಲೈನಲ್ಲಿ ಚೀನಾ ಸರ್ಕಾರವು ಶಾಲಾ ಮಕ್ಕಳ ಹೊರೆಯನ್ನು ಇಳಿಸುವ 'ಇಮ್ಮಡಿ ಇಳಿಕೆ' ನೀತಿಯನ್ನು ಪ್ರಕಟಿಸಿತು. ಇದರಿಂದ ಕಡ್ಡಾಯ ಶಿಕ್ಷಣದ ಹಂತದ ಪಠ್ಯವಿಷಯಗಳಲ್ಲಿ ಲಾಭಕ್ಕಾಗಿ ಟ್ಯೂಷನ್ ನಡೆಸುವುದನ್ನು ಹಾಗೂ ವಿದೇಶದಲ್ಲಿರುವ ಶಿಕ್ಷಕರಿಂದ ಆನ್‌ಲೈನ್ ಪಾಠ ಹೇಳಿಸುವುದನ್ನು ನಿಷೇಧಿಸಲಾಯಿತು. ಅನೇಕ ಸಂಸ್ಥೆಗಳು ಮುಚ್ಚಿದವು ಮತ್ತು ವಿದೇಶಿ ಶಿಕ್ಷಕರು ಕೆಲಸ ಕಳೆದುಕೊಂಡರು.

ಎರಡೂ ದೇಶಗಳ ಇತಿಹಾಸದಲ್ಲಿ ಒಂದು ಸಾಮ್ಯವಿದೆ. ವಿದೇಶಿ ಶಿಕ್ಷಕನ ನೆಲೆಯು ಅವನ ಬೋಧನಾ ಸಾಮರ್ಥ್ಯಕ್ಕಿಂತ ಹೆಚ್ಚಾಗಿ ಪರವಾನಗಿ, ಪೌರತ್ವ ಮತ್ತು ರಾಜಕೀಯ ಸ್ಥಿತಿಗಳನ್ನು ಅವಲಂಬಿಸಿತ್ತು. 1914ರಲ್ಲಿ ಧಾರವಾಡ, ಮಂಗಳೂರುಗಳಲ್ಲಿ ಕಂಡುಬಂದ ಅನಿಶ್ಚಿತತೆಯು 2021ರಲ್ಲಿ ಚೀನಾದ ನಗರಗಳಲ್ಲಿ ಬೇರೆ ಕಾರಣಕ್ಕಾಗಿ ಮರುಕಳಿಸಿತು. ವ್ಯತ್ಯಾಸವು ಮುಖ್ಯವಾಗಿ ಭಾಷೆಯ ಅರ್ಹತೆಗೆ ಸಂಬಂಧಿಸಿದುದು. ಇಂಗ್ಲಿಷ್ ಮಾತೃಭಾಷೆಯಲ್ಲದ ಜರ್ಮನರು ಮತ್ತು ಇಟಾಲಿಯನ್ನರು ಕರ್ನಾಟಕದಲ್ಲಿ ತಲೆಮಾರುಗಳಿಗೆ ಇಂಗ್ಲಿಷ್ ಕಲಿಸಿದರು. ಇಂದಿನ ಚೀನಾದ ನಿಯಮದಂತೆ ಅವರಲ್ಲಿ ಬಹುತೇಕರು ಆ ಹುದ್ದೆಗೆ ಅರ್ಹರಾಗುತ್ತಿರಲಿಲ್ಲ.

ಇವನ್ನೂ ನೋಡಿ

ಬಾಸೆಲ್ ಮಿಶನ್
ಹರ್ಮನ್ ಮೋಗ್ಲಿಂಗ್
ಫರ್ಡಿನಾಂಡ್ ಕಿಟ್ಟೆಲ್
ಮಹಾರಾಜ ಕಾಲೇಜು, ಮೈಸೂರು
ಗದಗ-ಬೆಟಗೇರಿ