ಹೊಸಬನ ತಬ್ಬಿಬ್ಬು: ವಿದ್ಯಾಲಯದ ಹೊಸ್ತಿಲಲ್ಲಿ ನಮ್ಮ ಪೂರ್ವಿಕರು ಕಲಿಸಿದ ಪಾಠ

ಶಾಲೆಗಳು ಪುನರಾರಂಭಗೊಳ್ಳುವ ದಿನಗಳಲ್ಲಿ ನಮ್ಮ ಅನೇಕ ಮನೆಗಳಿಂದ ಮಕ್ಕಳು ಹೊಸ ವಿದ್ಯಾಲಯದ ಹೊಸ್ತಿಲು ತುಳಿಯುತ್ತಾರೆ. ಕೆಲವರು ಹಳ್ಳಿಯ ಶಾಲೆಯಿಂದ ಪಟ್ಟಣದ ಪ್ರೌಢಶಾಲೆಗೆ, ಕೆಲವರು ಉರ್ದು ಮಾಧ್ಯಮದಿಂದ ಕನ್ನಡ ಅಥವಾ ಇಂಗ್ಲಿಷ್ ಮಾಧ್ಯಮಕ್ಕೆ, ಮತ್ತೆ ಕೆಲವರು ತಾಯಿಯ ಮಡಿಲಿನಿಂದ ವಸತಿ ನಿಲಯಕ್ಕೆ ಹೋಗುತ್ತಾರೆ. ಮನೆಯಲ್ಲಿ ಅರಳು ಹುರಿದಂತೆ ಮಾತನಾಡುತ್ತಿದ್ದ ಹುಡುಗ ಅಲ್ಲಿ ತುಟಿ ಬಿಚ್ಚುವುದಿಲ್ಲ. ಸದಾ ನಗುತ್ತಿದ್ದ ಹುಡುಗಿ ಸಣ್ಣ ಮಾತಿಗೂ ಸಿಡುಕತೊಡಗುತ್ತಾಳೆ. ಶಿಕ್ಷಕರು ಅದನ್ನು ದಡ್ಡತನವೆಂದೋ ಅಹಂಕಾರವೆಂದೋ ಭಾವಿಸುತ್ತಾರೆ. ಹೆತ್ತವರು ಸೋಮಾರಿತನವೆಂದು ಗದರುತ್ತಾರೆ. ಹೊಂದಿಕೊಳ್ಳಬೇಕಾದ ಪೂರ್ಣ ಹೊಣೆ ಆ ಎಳೆಯ ಹೆಗಲ ಮೇಲೆಯೇ ಬೀಳುತ್ತದೆ.

ಇಸ್ಲಾಮಿನ ವಿದ್ಯಾ ಪರಂಪರೆಯ ಇತಿಹಾಸವನ್ನು ತೆರೆದು ನೋಡಿದರೆ ಚಿತ್ರ ಬೇರೆಯೇ ಇದೆ. ಹೊಸಬನಿಗೆ ಶಿಷ್ಟಾಚಾರವನ್ನು ಕಲಿಸುವ ಮೊದಲು ಅವನನ್ನು ಬರಮಾಡಿಕೊಳ್ಳುವವರ ಶಿಷ್ಟಾಚಾರವನ್ನು ಆ ಪರಂಪರೆ ರೂಪಿಸಿತ್ತು.

ಅದರ ಮೊದಲ ವಿದ್ಯಾಲಯ ಮದೀನಾದ ಮಸ್ಜಿದುನ್ನಬವಿಯ ಒಂದು ಚಪ್ಪರ. ಸುಫ್ಫಾ ಎಂದು ಕರೆಯಲಾಗುತ್ತಿದ್ದ ಆ ನೆರಳಿನಲ್ಲಿ ಮನೆಮಾರು, ಬಂಧುಬಳಗವಿಲ್ಲದ ಬಡ ಸಹಾಬಿಗಳು ತಂಗಿ ಪ್ರವಾದಿವರ್ಯರಿಂದ(ಸ) ಕಲಿಯುತ್ತಿದ್ದರು. ಹೊದೆಯಲು ಮೇಲ್ವಸ್ತ್ರವೂ ಇಲ್ಲದ ಎಪ್ಪತ್ತು ಮಂದಿ ಸುಫ್ಫಾದವರನ್ನು ತಾವು ಕಂಡಿರುವುದಾಗಿ ಹಝ್ರತ್ ಅಬೂ ಹುರೈರಾ(ರ) ಹೇಳಿದ್ದಾರೆ. ಸ್ವತಃ ಅವರೂ ಹೊರಗಿನಿಂದ ಬಂದವರೇ. ಯಮನ್ ಕಡೆಯ ದೌಸ್ ಗೋತ್ರದವರಾದ ಅವರು ಹಿಜರಿ 7ರಲ್ಲಿ ಮದೀನಾ ತಲುಪಿದರು. ಒಂದು ದಿನ ಹಸಿವು ತಾಳಲಾಗದೆ ದಾರಿಯಲ್ಲಿ ಕುಳಿತು, ಹಾದುಹೋಗುವ ಹಿರಿಯರೊಡನೆ ಕುರ್‌ಆನಿನ ಒಂದು ಸೂಕ್ತದ ಬಗ್ಗೆ ವಿಚಾರಿಸಿದರು. ಯಾರಾದರೂ ಮನೆಗೆ ಕರೆದು ಉಣಬಡಿಸಬಹುದೆಂಬುದು ಅವರ ಆಸೆ. ಬಾಯಿಬಿಟ್ಟು ಕೇಳಲು ಸಂಕೋಚ. ಹಝ್ರತ್ ಅಬೂಬಕರ್(ರ) ಮತ್ತು ಹಝ್ರತ್ ಉಮರ್(ರ) ಅವರಿಗೂ ಆ ಪ್ರಶ್ನೆಯ ಹಿಂದಿದ್ದ ಹಸಿವು ತಿಳಿಯಲಿಲ್ಲ. ಬಳಿಕ ಬಂದ ಪ್ರವಾದಿವರ್ಯರು(ಸ) ಅವರ ಮುಖ ನೋಡಿದೊಡನೆಯೇ ಅರ್ಥಮಾಡಿಕೊಂಡು ಮುಗುಳ್ನಕ್ಕು ಜೊತೆಗೆ ಕರೆದೊಯ್ದರು. ಮನೆಯಲ್ಲಿದ್ದುದು ಒಂದು ಬಟ್ಟಲು ಹಾಲು ಮಾತ್ರ. ಅದಕ್ಕೆ ಸುಫ್ಫಾದವರೆಲ್ಲರನ್ನೂ ಕರೆಸಿದರು. ಅವರೆಲ್ಲ ಕುಡಿದು, ಅಬೂ ಹುರೈರಾ(ರ) ಇನ್ನು ಸಾಧ್ಯವಿಲ್ಲವೆನ್ನುವಷ್ಟು ಕುಡಿದ ಮೇಲೆ ಕೊನೆಯಲ್ಲಿ ಪ್ರವಾದಿವರ್ಯರು(ಸ) ಕುಡಿದರು. ಹೊಸಬನು ಕೇಳುವ ಪ್ರಶ್ನೆಯ ಹಿಂದೆ ಕೇಳಲಾಗದ ಇನ್ನೊಂದು ಪ್ರಶ್ನೆ ಇರಬಹುದು; ಅದನ್ನು ಮುಖದಲ್ಲಿ ಓದುವವನೇ ಗುರು.

ಈ ಕಾಳಜಿ ಒಬ್ಬರ ಕರುಣೆಗಷ್ಟೇ ಸೀಮಿತವಾಗಿರಲಿಲ್ಲ. ಇಬ್ಬರಿಗಾಗುವಷ್ಟು ಆಹಾರವಿರುವವರು ಸುಫ್ಫಾದಿಂದ ಮೂರನೆಯವರೊಬ್ಬರನ್ನು ಮನೆಗೆ ಕರೆದೊಯ್ಯಬೇಕೆಂದು ಪ್ರವಾದಿವರ್ಯರು(ಸ) ಊರಿನವರಿಗೆ ಸೂಚಿಸಿದ್ದರು. ಹೀಗೆ ಪರವೂರಿನ ಕಲಿಕಾರ್ಥಿಗೆ ಪಾಠದ ಜೊತೆಗೆ ಒಂದು ಮನೆಯೂ ದೊರೆಯಿತು. ನಮ್ಮ ಕರಾವಳಿಯ ಪಳ್ಳಿ ದರ್ಸ್‌ಗಳಲ್ಲಿ ದೂರದಿಂದ ಬಂದ ಮುತಅಲ್ಲಿಮರಿಗೆ ಜಮಾಅತಿನ ಮನೆಗಳವರು ಊಟ ನೀಡುತ್ತಿದ್ದ ರೂಢಿಯನ್ನು ಹಿರಿಯರು ಬಲ್ಲರು. ಅದೂ ಇದೇ ಭಾವನೆಯ ಮುಂದುವರಿಕೆ.

ಹೊಸ ಜಾಗದಲ್ಲಿ ಹಸಿವಿಗಿಂತಲೂ ಹೆಚ್ಚು ಕಾಡುವುದು ಅವಮಾನದ ಭಯ. ಅಲ್ಲಿನ ನಿಯಮಗಳು ಉಳಿದವರಿಗೆಲ್ಲ ಗೊತ್ತು, ತನಗೊಬ್ಬನಿಗೆ ಗೊತ್ತಿಲ್ಲ ಎಂಬ ಸ್ಥಿತಿ ಅದು. ಸುಲೈಮ್ ಗೋತ್ರದ ಮುಆವಿಯಾ ಬಿನ್ ಹಕಮ್(ರ) ಇಸ್ಲಾಮ್ ಸ್ವೀಕರಿಸಿ ಹೆಚ್ಚು ಕಾಲವಾಗಿರಲಿಲ್ಲ. ಸಾಮೂಹಿಕ ನಮಾಝಿನಲ್ಲಿ ಯಾರೋ ಸೀನಿದಾಗ ಅವರು ಅಲ್ಲಿಯೇ ಗಟ್ಟಿಯಾಗಿ ಶುಭ ಹಾರೈಸಿಬಿಟ್ಟರು. ಸಾಲಿನಲ್ಲಿದ್ದವರು ಕಣ್ಣು ಕೆಂಪಗೆ ಮಾಡಿ ನೋಡಿದರು. ಏಕೆ ಹಾಗೆ ನೋಡುತ್ತೀರೆಂದು ಅವರು ಮತ್ತೆ ಮಾತನಾಡಿದರು. ಜನರು ತೊಡೆ ತಟ್ಟಿ ಸುಮ್ಮನಿರಿಸಿದರು. ನಮಾಝ್ ಮುಗಿದ ಮೇಲೆ ಪ್ರವಾದಿವರ್ಯರು(ಸ) ಅವರನ್ನು ಬೈಯಲಿಲ್ಲ, ಹೊಡೆಯಲಿಲ್ಲ, ಮುಖ ಸಿಂಡರಿಸಲಿಲ್ಲ. ನಮಾಝಿನಲ್ಲಿ ಜನರೊಡನೆ ಮಾತನಾಡುವುದು ಸಲ್ಲದೆಂದೂ ಅದು ತಸ್ಬೀಹ್, ತಕ್ಬೀರ್ ಮತ್ತು ಕುರ್‌ಆನ್ ಪಾರಾಯಣಕ್ಕೆ ಮೀಸಲೆಂದೂ ತಿಳಿಸಿಕೊಟ್ಟರು. ಅವರಿಗಿಂತ ಉತ್ತಮ ಶಿಕ್ಷಕರನ್ನು ತಾನು ಹಿಂದೆಯೂ ಕಾಣಲಿಲ್ಲ, ಮುಂದೆಯೂ ಕಾಣಲಿಲ್ಲ ಎಂದು ಮುಆವಿಯಾ(ರ) ನೆನಪಿಸಿಕೊಳ್ಳುತ್ತಾರೆ.

ಇಮಾಮ್ ಮುಸ್ಲಿಮ್ ದಾಖಲಿಸಿರುವ ಈ ಹದೀಸಿನ ಮುಂದಿನ ಭಾಗವನ್ನು ನಾವು ಹೆಚ್ಚಾಗಿ ಗಮನಿಸುವುದಿಲ್ಲ. ಆ ಮೃದು ಮಾತಿನ ನಂತರ ಅವರು ಜ್ಯೋತಿಷಿಗಳ ಬಗ್ಗೆ, ಶಕುನಗಳ ಬಗ್ಗೆ ತಮ್ಮ ಹಳೆಯ ಬದುಕಿನ ಸಂಶಯಗಳನ್ನೆಲ್ಲ ಮುಂದಿಟ್ಟರು. ಕೊನೆಗೆ, ತೋಳವು ಕುರಿಯೊಂದನ್ನು ಕೊಂಡೊಯ್ದ ಸಿಟ್ಟಿನಲ್ಲಿ ಕುರಿ ಕಾಯುತ್ತಿದ್ದ ತಮ್ಮ ದಾಸಿಯ ಕೆನ್ನೆಗೆ ಹೊಡೆದಿದ್ದನ್ನೂ ತಾವಾಗಿಯೇ ಒಪ್ಪಿಕೊಂಡರು. ಪ್ರವಾದಿವರ್ಯರು(ಸ) ಅದನ್ನು ಗಂಭೀರವಾಗಿ ಪರಿಗಣಿಸಿದರು. ಆಕೆಗೆ ಬಿಡುಗಡೆ ದೊರೆಯಿತು. ನಾಚಿಕೆಪಡಿಸಿದ್ದರೆ ಆ ಬಾಯಿ ಅಂದೇ ಮುಚ್ಚಿಹೋಗುತ್ತಿತ್ತು. ಒಂದು ಸಣ್ಣ ತಪ್ಪನ್ನು ಮೃದುವಾಗಿ ತಿದ್ದಿದ್ದರಿಂದ ದೊಡ್ಡ ತಪ್ಪೊಂದು ತಾನಾಗಿ ಹೊರಬಂದಿತು.

ಇನ್ನೊಂದು ಘಟನೆ ಮನೆಯ ಹಂಬಲಕ್ಕೆ ಸಂಬಂಧಿಸಿದ್ದು. ಮಾಲಿಕ್ ಬಿನ್ ಹುವೈರಿಸ್(ರ) ತಮ್ಮ ಸಮವಯಸ್ಕ ಯುವಕರೊಡನೆ ಮದೀನಾಕ್ಕೆ ಬಂದು ಇಪ್ಪತ್ತು ರಾತ್ರಿ ತಂಗಿದ್ದರು. ಅವರ ಮನಸ್ಸು ಊರಿನ ಕಡೆ ಎಳೆಯುತ್ತಿರುವುದನ್ನು ಪ್ರವಾದಿವರ್ಯರು(ಸ) ಗ್ರಹಿಸಿದರು. ಮನೆಯಲ್ಲಿ ಯಾರನ್ನೆಲ್ಲ ಬಿಟ್ಟು ಬಂದಿದ್ದೀರೆಂದು ವಿಚಾರಿಸಿದರು. ಕುಟುಂಬದವರ ಬಳಿಗೆ ಮರಳಿ, ಕಲಿತದ್ದನ್ನು ಅವರಿಗೆ ಕಲಿಸಿರಿ, ತಾನು ನಮಾಝ್ ನಿರ್ವಹಿಸಿದುದನ್ನು ಕಂಡಂತೆಯೇ ನೀವೂ ನಿರ್ವಹಿಸಿರಿ ಎಂದು ಬೀಳ್ಕೊಟ್ಟರು. ಮನೆ ನೆನೆದು ಕೊರಗುವುದನ್ನು ಅವರು ದೌರ್ಬಲ್ಯವೆನ್ನಲಿಲ್ಲ. ಇಪ್ಪತ್ತು ದಿನಗಳ ಆ ಕಲಿಕೆ ಫಲ ಕೊಡದೆಯೂ ಇರಲಿಲ್ಲ. ಎಷ್ಟೋ ವರ್ಷಗಳ ಬಳಿಕ ಇದೇ ಮಾಲಿಕ್(ರ) ಬಸ್ರಾದ ಮಸೀದಿಯಲ್ಲಿ ನಿಂತು, ಪ್ರವಾದಿವರ್ಯರ(ಸ) ನಮಾಝ್ ಹೇಗಿತ್ತೆಂದು ಜನರಿಗೆ ಮಾಡಿ ತೋರಿಸಿದರು.

ಶತಮಾನಗಳು ಕಳೆದಂತೆ ಮಸೀದಿಯ ಚಪ್ಪರದ ಜೊತೆಗೆ ಮದ್ರಸಾಗಳ ಭವ್ಯ ಕಟ್ಟಡಗಳು ಎದ್ದವು. 1067ರಲ್ಲಿ ಬಗ್ದಾದಿನಲ್ಲಿ ನಿಝಾಮಿಯಾ ಆರಂಭವಾಯಿತು. 1234ರಲ್ಲಿ ಅದೇ ನಗರದಲ್ಲಿ ತೆರೆದ ಮುಸ್ತನ್ಸಿರಿಯಾದಲ್ಲಿ ನಾಲ್ಕೂ ಮದ್‌ಹಬ್‌ಗಳ ವಿದ್ಯಾರ್ಥಿಗಳು ಒಂದೇ ಸೂರಿನಡಿ ಕಲಿತರು. ಬೇರೆ ಬೇರೆ ನಾಡು, ಭಾಷೆ, ಅಭ್ಯಾಸಗಳ ತರುಣರು ಅಕ್ಕಪಕ್ಕದ ಕೋಣೆಗಳಲ್ಲಿ ಬಾಳಬೇಕಾದಾಗ ಸಹಬಾಳ್ವೆಯ ನಿಯಮಗಳು ಅಗತ್ಯವಾದವು. ಹಮಾದಲ್ಲಿ ಹುಟ್ಟಿ, ಜೆರುಸಲೇಮ್, ಕೈರೋ ಮತ್ತು ದಮಾಸ್ಕಸ್‌ಗಳಲ್ಲಿ ನ್ಯಾಯಾಧೀಶರಾಗಿದ್ದ ಇಮಾಮ್ ಬದ್ರುದ್ದೀನ್ ಇಬ್ನು ಜಮಾಅ 1273ರಲ್ಲಿ ಗುರುಶಿಷ್ಯರ ಶಿಷ್ಟಾಚಾರದ ಕುರಿತು ಬರೆದ ಗ್ರಂಥದ ಕೊನೆಯ ಅಧ್ಯಾಯವನ್ನು ಮದ್ರಸಾದ ವಸತಿ ಜೀವನಕ್ಕೇ ಮೀಸಲಿಟ್ಟರು. ಎದುರಾದವರಿಗೆ ಸಲಾಮ್ ಹೇಳಬೇಕು, ಹಾದುಹೋಗುವಾಗ ಇತರರ ಕೋಣೆಯೊಳಗೆ ಇಣುಕಬಾರದು, ಮೇಲಂತಸ್ತಿನಲ್ಲಿರುವವರು ಕೆಳಗಿನವರಿಗೆ ತೊಂದರೆಯಾಗದಂತೆ ಮೆಲ್ಲನೆ ನಡೆಯಬೇಕು ಎಂಬಂತಹ ದಿನನಿತ್ಯದ ಸಂಗತಿಗಳು ಅಲ್ಲಿವೆ.

ಅದೇ ಗ್ರಂಥದಲ್ಲಿ ಗುರುವಿನ ಕರ್ತವ್ಯಗಳನ್ನು ಹೇಳುವಾಗ ಅವರು ಒಂದು ಸೂಕ್ಷ್ಮವನ್ನು ಗುರುತಿಸಿದ್ದಾರೆ. ಹೊಸದಾಗಿ ಬಂದವನನ್ನು ತಬ್ಬಿಬ್ಬು ಆವರಿಸಿರುತ್ತದೆ. ಆದ್ದರಿಂದ ಅಪರಿಚಿತನೊಬ್ಬನು ಪಾಠಕ್ಕೆ ಬಂದರೆ ಗುರುವು ಅವನೊಡನೆ ಪ್ರೀತಿಯಿಂದ, ಸಲುಗೆಯಿಂದ ವರ್ತಿಸಿ ಮನಸ್ಸನ್ನು ಹಗುರಗೊಳಿಸಬೇಕು. ವಿಚಿತ್ರವೆಂಬಂತೆ ಅವನನ್ನು ಪದೇ ಪದೇ ದಿಟ್ಟಿಸಿ ನೋಡಲೂಬಾರದು. ಅದರಿಂದ ಅವನು ನಾಚಿ ಕುಗ್ಗುತ್ತಾನೆ. ಬರುತ್ತಿದ್ದವನು ಕಾಣದಾದರೆ ವಿಚಾರಿಸಬೇಕು, ಕಾಯಿಲೆಯಾಗಿದ್ದರೆ ಹೋಗಿ ನೋಡಬೇಕು. ಏಳೂವರೆ ಶತಮಾನಗಳ ಹಿಂದಿನ ಈ ಮಾತುಗಳು ನಮ್ಮ ಇಂದಿನ ತರಗತಿಗಳಿಗೆ ಎಷ್ಟು ಹತ್ತಿರವಾಗಿವೆ!

ಹಾಗೆಂದು ಹೊಸಬನಿಗೆ ಕರ್ತವ್ಯವೇ ಇಲ್ಲವೆಂದಲ್ಲ. ಇಮಾಮ್ ಮಾಲಿಕ್ ಬಾಲಕರಾಗಿದ್ದಾಗ ಅವರ ತಾಯಿ ಒಳ್ಳೆಯ ಉಡುಪು ತೊಡಿಸಿ, ತಲೆಗೆ ಪೇಟ ಸುತ್ತಿ, ರಬೀಆ ಅವರ ಬಳಿಗೆ ಕಳುಹಿಸುತ್ತಾ, ವಿದ್ಯೆಗಿಂತ ಮೊದಲು ಗುರುಗಳ ನಡತೆಯನ್ನು ಕಲಿಯುವಂತೆ ಹೇಳಿದ್ದರು. ದರ್ಸ್‌ಗಳಲ್ಲಿ ಇಂದಿಗೂ ಓದುವ ‘ತಅ್‌ಲೀಮುಲ್ ಮುತಅಲ್ಲಿಮ್’ ಗ್ರಂಥದಲ್ಲಿ ಇಮಾಮ್ ಝರ್ನೂಜಿಯವರು, ಬುಖಾರಾಕ್ಕೆ ಹೋಗುವ ವಿದ್ಯಾರ್ಥಿ ಗುರುಗಳ ಆಯ್ಕೆಯಲ್ಲಿ ಆತುರಪಡದೆ ಎರಡು ತಿಂಗಳು ನೋಡಿ ಆಲೋಚಿಸಲಿ ಎಂಬ ಹಿರಿಯರ ಸಲಹೆಯನ್ನು ಉಲ್ಲೇಖಿಸಿದ್ದಾರೆ. ಗೆಳೆಯರನ್ನು ಆರಿಸುವಾಗಲೂ ಅಷ್ಟೇ ಎಚ್ಚರ ಬೇಕೆನ್ನುತ್ತಾರೆ. ಅಂದರೆ ಹೊಸ ಪರಿಸರ ಅರ್ಥವಾಗಲು ಕಾಲಾವಕಾಶ ಬೇಕೆಂಬುದು ನಮ್ಮ ವಿದ್ವಾಂಸರಿಗೆ ತಿಳಿದಿತ್ತು.

ಈ ಪರಂಪರೆ ನಮ್ಮ ನಾಡಿಗೂ ಬಂದಿತು. ಇರಾನಿನ ಗೀಲಾನ್ ಪ್ರಾಂತ್ಯದಿಂದ ಬಂದು ಬಹಮನಿ ರಾಜ್ಯದ ಮಂತ್ರಿಯಾದ ಮಹ್ಮೂದ್ ಗಾವಾನರು 1472ರಲ್ಲಿ ಬೀದರಿನಲ್ಲಿ ಕಟ್ಟಿಸಿದ ಮೂರಂತಸ್ತಿನ ಮದ್ರಸಾ ಇಂದಿಗೂ ನಿಂತಿದೆ. ಅಂಗಳದ ಸುತ್ತ ಮಸೀದಿ, ಗ್ರಂಥಾಲಯ, ಪಾಠದ ಸಭಾಂಗಣಗಳು. ಅವುಗಳ ನಡುವೆ ಗುರುಗಳಿಗೂ ವಿದ್ಯಾರ್ಥಿಗಳಿಗೂ ಕೋಣೆಗಳು. ಪರದೇಶಿಯಾಗಿ ಬಂದವರೊಬ್ಬರು ಕಟ್ಟಿಸಿದ ಆ ವಿದ್ಯಾಲಯದಲ್ಲಿ ಕಲಿಯುವವನಿಗೆ ಕಲಿಸುವವರ ನೆರೆಯಲ್ಲೇ ವಾಸದ ಏರ್ಪಾಡಿತ್ತು.

ನಮ್ಮ ಮಗು ಹೊಸ ಶಾಲೆಯಿಂದ ಮೊದಲ ವಾರ ಮುಖ ಬಾಡಿಸಿಕೊಂಡು ಬಂದಾಗ, ಎಷ್ಟು ಅಂಕ ಬಂತೆಂದು ಕೇಳುವ ಮೊದಲು ಯಾರ ಪಕ್ಕದಲ್ಲಿ ಕುಳಿತೆ, ಯಾರೊಡನೆ ಊಟ ಮಾಡಿದೆ ಎಂದು ಕೇಳೋಣ. ಮೌನವನ್ನು ಅಪರಾಧವೆನ್ನದೆ ಕೆಲವು ವಾರಗಳ ಕಾಲಾವಕಾಶ ಕೊಡೋಣ. ನಮ್ಮ ಮಗು ಅದೇ ಶಾಲೆಯಲ್ಲಿ ಹಳಬನಾಗಿದ್ದರೆ ಅವನ ಹೊಣೆ ಇನ್ನೂ ಹೆಚ್ಚು. ತರಗತಿಗೆ ಬಂದ ಹೊಸ ಹುಡುಗನ ಭಾಷೆ, ಉಡುಪು, ಧರ್ಮ ಯಾವುದೇ ಆಗಿರಲಿ, ಅವನಿಗೆ ಬೆಂಚಿನಲ್ಲಿ ಜಾಗ ಬಿಟ್ಟುಕೊಡುವುದನ್ನೂ, ಅವನು ತಪ್ಪಿದಾಗ ನಗದಿರುವುದನ್ನೂ ನಾವು ಮನೆಯಲ್ಲೇ ಕಲಿಸಬೇಕು. ಮದೀನಾದಲ್ಲಿ ಮೂರನೆಯವನಿಗೆ ಊಟ ಬಡಿಸಿದ ಮನೆಗಳ ವಾರಸುದಾರರು ನಾವು. ಆ ವಾರಸಿಕೆಯನ್ನು ಉಳಿಸಿಕೊಳ್ಳುವ ವಿಶಾಲ ಮನಸ್ಸನ್ನು ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ಅನುಗ್ರಹಿಸಲಿ.